ಮೂಗಿನೊಳಗಿನ ಡೋಣಿ

ವಿಜಯಪುರದಿಂದ ಬಬಲೇಶ್ವರದ ಕಡೆಗೆ ಹೊರಟರೆ ಸಾರವಾಡದ ಬಳಿ ಡೋಣಿ ನದಿ ಎದುರಾಗುತ್ತದೆ. ಪಾತ್ರದಲ್ಲಿ ಹೂಳು ತುಂಬಿರುವುದರಿಂದ ದೊಡ್ಡ ಮಳೆಯಾದಾಗ ನೀರು ಹೊಲಗಳಿಗೆ ನುಗ್ಗುತ್ತದೆ. ಆಗ ರೈತ ತನ್ನ ಹೊಲದ ಮಣ್ಣನ್ನು ಅಗೆದು ಎಸೆಯುವುದಿಲ್ಲ. ಹೊಳೆಯ ಹೂಳೆತ್ತಿಸಿ ಎನ್ನುತ್ತಾನೆ. ಹಳೆಯ ಪೀನಸಕ್ಕೆ, ಅಂದರೆ ತಿಂಗಳುಗಟ್ಟಲೆ ವಾಸಿಯಾಗದ ಸೈನಸ್ ಬೇನೆಗೆ, ಇದೇ ನ್ಯಾಯ ಅನ್ವಯಿಸುತ್ತದೆ. ಆದರೆ ಶಸ್ತ್ರವೈದ್ಯರಿಗೆ ಇದು ಮನವರಿಕೆಯಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಮೂಗಿನ ಶಸ್ತ್ರಚಿಕಿತ್ಸೆಯಾದರೋ ಬಹಳ ಹಳೆಯದು. ಸುಮಾರು ಸಾವಿರ ವರ್ಷಗಳ ಹಿಂದೆ ಮುಸ್ಲಿಂ ಸ್ಪೇನಿನಲ್ಲಿದ್ದ ಅಬುಲ್ ಕಾಸಿಂ ಅಲ್ ಝಹ್ರಾವಿ ತನ್ನ 'ಅತ್ತಸ್ರೀಫ್' ಗ್ರಂಥದ 30ನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟ. ಮೂಗಿನ ದುರ್ಮಾಂಸವನ್ನು ಕೊಕ್ಕೆಯಿಂದ ಎಳೆದು ಕೊಯ್ಯುವುದನ್ನೂ, ಉಳಿದುದನ್ನು ಗಂಟು ಹಾಕಿದ ದಾರದಿಂದ ಉಜ್ಜಿ ತೆಗೆಯುವುದನ್ನೂ ಅದರಲ್ಲಿ ವಿವರಿಸಿದ್ದಾನೆ. ಮುಂದೆ ನಮ್ಮ ಬಿಜಾಪುರದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫರಿಶ್ತಾ ಭಾರತೀಯ ವೈದ್ಯದ ಬಗ್ಗೆ ಪಾರಸಿಯಲ್ಲಿ ಗ್ರಂಥವನ್ನೇ ರಚಿಸಿದ. ಒಬ್ಬರ ವಿದ್ಯೆಯನ್ನು ಇನ್ನೊಬ್ಬರು ಓದಿ ತಿಳಿಯುತ್ತಿದ್ದ ನಗರವದು.

1685-86ರಲ್ಲಿ ಔರಂಗಜೇಬನ ಸೇನೆ ಆ ನಗರಕ್ಕೆ ಮುತ್ತಿಗೆ ಹಾಕಿತು. ಪಾಳೆಯದಿಂದ ಹೊರಬಂದು ಕೈಗೆ ಸಿಕ್ಕವರ ಮೂಗನ್ನು ಬಿಜಾಪುರದವರು ಕೊಯ್ದು ಕಳಿಸುತ್ತಿದ್ದರೆಂದು ವೆನಿಸ್‌ನ ಪ್ರವಾಸಿ ಮನೂಚಿ ಬರೆದಿದ್ದಾನೆ. ಈ ನಾಡಿನ ಶಸ್ತ್ರವೈದ್ಯರು ಹುಬ್ಬಿನ ಮೇಲಿನ ಹಣೆಯ ಚರ್ಮವನ್ನು ಬಿಡಿಸಿ, ತಿರುಚಿ, ಗಾಯದ ಮೇಲೆ ಇಳಿಸಿ ಮೂಗು ಕಟ್ಟುತ್ತಿದ್ದರು. ಅಂಥ ಮೂಗಿನವರನ್ನು ಅವನೇ ಕಂಡಿದ್ದ. ಲಂಡನ್ನಿನ ಪತ್ರಿಕೆಯೊಂದು 1794ರಲ್ಲಿ ಪುಣೆಯ ಇಂಥದೇ ಚಿಕಿತ್ಸೆಯನ್ನು ಪ್ರಕಟಿಸಿ ಯುರೋಪನ್ನು ಬೆರಗುಗೊಳಿಸುವುದಕ್ಕೆ ನೂರು ವರ್ಷ ಮೊದಲಿನ ಮಾತಿದು. ಗುಟ್ಟು ಇಷ್ಟೇ: ಚರ್ಮವನ್ನು ಪೂರ್ತಿ ಕಿತ್ತುಹಾಕುತ್ತಿರಲಿಲ್ಲ. ಹುಬ್ಬಿನ ಕಡೆಯ ಸಂಬಂಧ ಉಳಿದು ರಕ್ತ ಹರಿಯುತ್ತಿತ್ತು. ಆದ್ದರಿಂದಲೇ ಅದು ಬದುಕುತ್ತಿತ್ತು.

ಮೂಗಿನ ಒಳಗಿನ ಚಿಕಿತ್ಸೆಯಲ್ಲಿ ಈ ವಿವೇಕ ತಡವಾಗಿ ಬಂತು. ಕೆನ್ನೆ, ಹಣೆ, ಕಣ್ಣುಗಳ ಸುತ್ತಲಿನ ಎಲುಬುಗಳಲ್ಲಿ ಗಾಳಿ ತುಂಬಿದ ಗೂಡುಗಳಿವೆ, ಅವೇ ಸೈನಸ್‌ಗಳು. 1893ರಲ್ಲಿ ಅಮೆರಿಕದ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸ್ಸಿನ ಲುಕ್ ಒಂದು ವಿಧಾನ ಪ್ರಕಟಿಸಿದರು. ಮೇಲ್ದುಟಿಯನ್ನೆತ್ತಿ, ಹಲ್ಲಿನ ಮೇಲಿನ ಎಲುಬು ಕೊರೆದು, ಗೂಡಿನ ಒಳಪೊರೆಯನ್ನೆಲ್ಲ ಕೆರೆದು ತೆಗೆದು, ಕೆಳಗಡೆ ಮೂಗಿಗೆ ಹೊಸ ಕಿಂಡಿ ಮಾಡುವುದು ಅದರ ಕ್ರಮ. ಹಲವು ದಶಕ ಇದೇ ನಡೆಯಿತು. ಅನೇಕರಿಗೆ ಕೆನ್ನೆ ಜೋಮು ಹಿಡಿಯುತ್ತಿತ್ತು. ರೋಗ ಮರಳುತ್ತಿದ್ದುದೂ ಉಂಟು.

ಆಸ್ಟ್ರಿಯಾದ ಗ್ರಾಜ್ ನಗರದ ಮೆಸ್ಸರ್‌ಕ್ಲಿಂಗರ್ ಇದಕ್ಕೆ ಕಾರಣ ಕಂಡುಕೊಂಡರು. ಒಳಪೊರೆಯ ಸೂಕ್ಷ್ಮ ರೋಮಗಳು ಲೋಳೆಯನ್ನು ಸದಾ ಸಹಜ ಬಾಗಿಲಿನ ಕಡೆಗೇ ದೂಡುತ್ತವೆ; ಕೆಳಗೆ ಬೇರೆ ಕಿಂಡಿ ಕೊರೆದರೂ ಅವು ದಾರಿ ಬದಲಿಸುವುದಿಲ್ಲ. ಆದ್ದರಿಂದ ಬಾಗಿಲಿನ ಅಡ್ಡಿ ತೆಗೆದರೆ ಕೆಟ್ಟ ಪೊರೆ ಬಹುಮಟ್ಟಿಗೆ ತಾನೇ ಸುಧಾರಿಸುತ್ತದೆ. ಬ್ರಿಟನ್ನಿನ ಹಾಪ್‌ಕಿನ್ಸ್ ರೂಪಿಸಿದ ಸಣ್ಣ ದೂರದರ್ಶಕ ಕೊಳವೆ ಅವರಿಗೆ ಕಣ್ಣಾಯಿತು. 1978ರಲ್ಲಿ ಅವರ ಗ್ರಂಥ ಹೊರಬಂತು. ಅವರ ಶಿಷ್ಯ ಸ್ಟಾಮ್‌ಬರ್ಗರ್ ಮತ್ತು ಅಮೆರಿಕದ ಕೆನಡಿ 1980ರ ದಶಕದಲ್ಲಿ ಈ ಎಂಡೋಸ್ಕೋಪಿ ಚಿಕಿತ್ಸೆಯನ್ನು ಜಗತ್ತಿಗೆ ಹರಡಿದರು. ಮುಖದ ಮೇಲೆ ಗಾಯವಿಲ್ಲ. ಕೆಲಸವೆಲ್ಲ ಮೂಗಿನ ಹೊಳ್ಳೆಯ ಮೂಲಕವೇ.

ಅದೇ ದಶಕದಲ್ಲಿ ಬಿಜಾಪುರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳು ತೆರೆದವು: 1984ರಲ್ಲಿ ಅಲ್ ಅಮೀನ್, 1986ರಲ್ಲಿ ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ಕಾಲೇಜು. ಮೂಗು ಕೊಯ್ದ ಮುತ್ತಿಗೆ ಮುಗಿದು ಆಗ ಸರಿಯಾಗಿ ಮುನ್ನೂರು ವರ್ಷ.

ಆಪರೇಷನ್ ಮಾಡಿಸಿದರೂ ಮತ್ತೆ ಬರುತ್ತದಂತೆ ಎಂದು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ ತಲೆಭಾರ, ಕಟ್ಟಿದ ಮೂಗಿನೊಂದಿಗೇ ವರ್ಷಗಳನ್ನು ನೂಕುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ದುರ್ಮಾಂಸ ಮರಳಿ ಬೆಳೆಯಬಹುದು. ಉಪ್ಪುನೀರಿನಿಂದ ಮೂಗು ತೊಳೆಯುವುದು, ವೈದ್ಯರು ಹೇಳಿದ ಸ್ಪ್ರೇ ಬಳಸುವುದು ಆಪರೇಷನ್ ಆದಮೇಲೂ ನಿಲ್ಲುವಂತಿಲ್ಲ. ಔಷಧಿಗೆ ಬಗ್ಗದಿದ್ದಾಗ ಮಾತ್ರ ಕತ್ತಿಯ ಮಾತು. ಡೋಣಿಯ ಹೂಳನ್ನೂ ಒಮ್ಮೆ ಎತ್ತಿದರೆ ಮುಗಿಯುವುದಿಲ್ಲ. ಹಾಗೆಂದು ಹೊಳೆಯನ್ನು ಹಾಗೆಯೇ ಬಿಟ್ಟವರ ಹೊಲ ಉಳಿದೀತೆ?