ಕಲ್ಲಿದ್ದಲ ನಾಡಿನ ಎರಡು ಜೆರ್ಸಿಗಳು

2005ರ ಅಕ್ಟೋಬರ್ 8ರಂದು ಇಸ್ತಾಂಬುಲ್‌ನ ಅತಾತುರ್ಕ್ ಒಲಿಂಪಿಕ್ ಕ್ರೀಡಾಂಗಣದಲ್ಲಿ ಟರ್ಕಿ ಮತ್ತು ಜರ್ಮನಿ ತಂಡಗಳು ಸೌಹಾರ್ದ ಪಂದ್ಯ ಆಡಿದವು. ಟರ್ಕಿ 2–1ರಿಂದ ಗೆದ್ದಿತು. ಮೊದಲ ಗೋಲು ಹಲೀಲ್ ಅಲ್ತಿಂತೋಪ್ ಅವರದು. ಎರಡನೆಯದು ಬಂದದ್ದು 89ನೇ ನಿಮಿಷದಲ್ಲಿ, ಬದಲಿಯಾಗಿ ಆಗಷ್ಟೇ ಮೈದಾನಕ್ಕೆ ಇಳಿದಿದ್ದ ನೂರಿ ಶಾಹಿನ್ ಎಂಬ ಮಿಡ್‌ಫೀಲ್ಡರ್‌ನ ಕಾಲಿನಿಂದ. ಹುಡುಗನಿಗೆ ಹದಿನೇಳು ತುಂಬಿ ಒಂದು ತಿಂಗಳಾಗಿತ್ತು, ಅಷ್ಟೆ. ದೇಶದ ಪರ ಅವನಿಗದು ಮೊದಲ ಪಂದ್ಯ. ಟರ್ಕಿಯ ಇತಿಹಾಸದಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಹಿರಿಯರ ತಂಡದಲ್ಲಿ ಆಡಿದವರೂ ಗೋಲು ಹೊಡೆದವರೂ ಅಲ್ಲಿಯವರೆಗೆ ಇರಲಿಲ್ಲ. ಆದರೆ ಆ ಸಂಜೆಯ ನಿಜವಾದ ಸೋಜಿಗ ಬೇರೆಯೇ. ಜರ್ಮನಿಯನ್ನು ಸೋಲಿಸಿದ ಈ ಇಬ್ಬರೂ ಹುಟ್ಟಿದ್ದು ಜರ್ಮನಿಯಲ್ಲಿ. ಹಲೀಲ್ ಗೆಲ್ಸೆನ್‌ಕಿರ್ಶೆನ್‌ನವರು, ನೂರಿ ಲ್ಯೂಡೆನ್‌ಶೈಡ್‌ನವರು. ಇಬ್ಬರೂ ಆಟ ಕಲಿತದ್ದು ಅಲ್ಲಿಯ ಊರ ಕ್ಲಬ್ಬುಗಳಲ್ಲಿ. ಇಂಥ ಆಟಗಾರರ ವಿಷಯ ಬಂದಾಗಲೆಲ್ಲ ಎರಡೂ ದೇಶಗಳಲ್ಲಿ ಏಳುವುದು ಒಂದೇ ಪ್ರಶ್ನೆ: ಇವರ ಮನಸ್ಸು ಯಾವ ಕಡೆಗಿದೆ? ಆ ಪ್ರಶ್ನೆಯೇ ದಾರಿ ತಪ್ಪಿಸುವಂಥದ್ದು ಎನ್ನುವುದು ನನ್ನ ವಾದ. ಯಾರು ಯಾವ ಜೆರ್ಸಿ ತೊಟ್ಟರು ಎಂಬುದರ ಕತೆಯನ್ನು ಆಟಗಾರನ ಎದೆಯೊಳಗೆ ಹುಡುಕುವ ಮೊದಲು ಕೂಲಿಯ ಕರಾರುಗಳಲ್ಲಿ, ಪೌರತ್ವದ ಕಾಯ್ದೆಗಳಲ್ಲಿ ಹುಡುಕಬೇಕು.

ಪಶ್ಚಿಮ ಜರ್ಮನಿಗೂ ಟರ್ಕಿಗೂ ನಡುವಿನ ಆ ಕೂಲಿ ಕರಾರಿಗೆ ಸಹಿ ಬಿದ್ದದ್ದು 1961ರ ಅಕ್ಟೋಬರ್ 30ರಂದು. ಎರಡನೇ ಮಹಾಯುದ್ಧದ ಬಳಿಕ ಪಶ್ಚಿಮ ಜರ್ಮನಿಯ ಕಾರ್ಖಾನೆಗಳು ಮತ್ತು ಗಣಿಗಳು ಚೇತರಿಸಿಕೊಂಡು ಆಳು ಸಿಗದೆ ಪರದಾಡುತ್ತಿದ್ದವು. ಬರ್ಲಿನ್ ಗೋಡೆ ಎದ್ದಮೇಲೆ ಪೂರ್ವದಿಂದ ಬರುತ್ತಿದ್ದವರೂ ನಿಂತುಹೋದರು. ಜರ್ಮನ್ ಸರ್ಕಾರ ಇಸ್ತಾಂಬುಲ್‌ನಲ್ಲೇ ನೇಮಕಾತಿ ಕಚೇರಿ ತೆರೆಯಿತು. ಅಲ್ಲಿ ಹಲ್ಲು ನೋಡುತ್ತಿದ್ದರು, ರಕ್ತ ಮೂತ್ರ ಪರೀಕ್ಷಿಸುತ್ತಿದ್ದರು, ಗಂಡಸರನ್ನು ಒಳಚಡ್ಡಿಯಲ್ಲಿ ಸಾಲಾಗಿ ನಿಲ್ಲಿಸಿ ಮೈಕಟ್ಟು ತಪಾಸಣೆ ಮಾಡುತ್ತಿದ್ದರು. ಸ್ವಿಸ್ ಛಾಯಾಗ್ರಾಹಕ ಜಾಂ ಮೋರ್ ತೆಗೆದ ಕಪ್ಪುಬಿಳುಪು ಚಿತ್ರಗಳಲ್ಲಿ ಈ ಗಂಡಸರ ಬರಿಮೈ ಮೇಲೆ ಸಂಖ್ಯೆ ಬರೆದಿರುವುದು ಇಂದಿಗೂ ಕಾಣುತ್ತದೆ. ಪಾಸಾದವರು ಇಸ್ತಾಂಬುಲ್‌ನ ಸಿರ್ಕೆಜಿ ನಿಲ್ದಾಣದಲ್ಲಿ ರೈಲು ಹತ್ತಿ ಮ್ಯೂನಿಕ್‌ನ 11ನೇ ಪ್ಲಾಟ್‌ಫಾರಂನಲ್ಲಿ ಇಳಿಯುತ್ತಿದ್ದರು. ಪ್ಲಾಟ್‌ಫಾರಂ ಕೆಳಗಿನ, ಯುದ್ಧಕಾಲದ ನೆಲಮಾಳಿಗೆಯಲ್ಲಿ ಅವರನ್ನು ಕೂಡಿಸಿ, ಯಾರು ಯಾವ ಊರಿಗೆ ಎಂದು ಹಂಚುತ್ತಿದ್ದರು. ಮೊದಲ ಕರಾರಿನ ಪ್ರಕಾರ ಎರಡು ವರ್ಷ ದುಡಿದು ಮರಳಬೇಕಿತ್ತು. ಆದರೆ ಕೆಲಸ ಕಲಿತವನನ್ನು ಕಳಿಸಿ ಹೊಸಬನಿಗೆ ಮತ್ತೆ ಮೊದಲಿಂದ ಕಲಿಸುವುದು ನಷ್ಟದ ಬಾಬತ್ತೆಂದು ಮಾಲೀಕರೇ ಗೊಣಗಿದರು. 1964ರಲ್ಲಿ ಆ ಷರತ್ತು ಬಿದ್ದುಹೋಯಿತು. 1973ರ ನವೆಂಬರಿನಲ್ಲಿ ನೇಮಕಾತಿಯನ್ನೇ ನಿಲ್ಲಿಸಿದಾಗ ಆದದ್ದು ಸರ್ಕಾರ ಎಣಿಸಿದ್ದರ ತಿರುವುಮುರುವು. ಒಮ್ಮೆ ಊರಿಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದು ತಿಳಿದವರು ಹೋಗುವ ಬದಲು ಹೆಂಡತಿ ಮಕ್ಕಳನ್ನೇ ಕರೆಸಿಕೊಂಡರು. ಜರ್ಮನರು ಅವರನ್ನು ‘ಅತಿಥಿ ಕಾರ್ಮಿಕರು’ ಎಂದರು. ರಜೆಗೆಂದು ಊರಿಗೆ ಬಂದಾಗ ಟರ್ಕಿಯವರು ‘ಅಲ್ಮಾಂಜಿ’, ಅಂದರೆ ಜರ್ಮನಿಯೋರು, ಎಂದು ಕರೆದರು. ಎರಡು ಹೆಸರಲ್ಲೂ ಅವರು ಪೂರ್ತಿ ಒಳಗಿನವರಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುವುದು ಅಗತ್ಯ, ಏಕೆಂದರೆ ಗೆಲ್ಸೆನ್‌ಕಿರ್ಶೆನ್ ಇರುವ ಕಲ್ಲಿದ್ದಲ ನಾಡಾದ ರೂರ್ ಕಣಿವೆಗೆ ವಲಸೆ ಬಂದ ಮೊದಲ ಗಣಿಗಾರರು ಟರ್ಕರಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪೂರ್ವ ಪ್ರಶ್ಯದ ಮಸೂರಿಯಾದಿಂದ, ಪೋಲಿಷ್ ಆಡುನುಡಿಯ ಸಾವಿರಾರು ಜನ ಗೆಲ್ಸೆನ್‌ಕಿರ್ಶೆನ್‌ನ ಗಣಿಗಳಿಗೆ ಬಂದರು. ಊರಿನ ಶಾಲ್ಕೆ ಕ್ಲಬ್ಬಿಗೆ ಇಂದಿಗೂ ‘ಗಣಿಯಾಳುಗಳು’ ಎಂಬ ಅರ್ಥದ ಅಡ್ಡಹೆಸರಿದೆ. ಆ ಕ್ಲಬ್ಬನ್ನು ದೊಡ್ಡದು ಮಾಡಿದ ಎರ್ನ್‌ಸ್ಟ್ ಕುಜೋರಾ, ಫ್ರಿಟ್ಸ್ ಶೆಪಾನ್ ಇಬ್ಬರೂ ಮಸೂರಿಯಾದಿಂದ ವಲಸೆ ಬಂದ ಮನೆಗಳ ಮಕ್ಕಳು. ಚಿಕ್ಕ ಚಿಕ್ಕ ಪಾಸುಗಳಲ್ಲಿ ಚೆಂಡನ್ನು ಬುಗುರಿಯಂತೆ ತಿರುಗಿಸುತ್ತಿದ್ದ ಅವರ ಆಟದ ಬಲದಲ್ಲಿ 1934ರಿಂದ 1942ರೊಳಗೆ ಶಾಲ್ಕೆ ಆರು ಸಲ ಜರ್ಮನ್ ಚಾಂಪಿಯನ್ ಆಯಿತು. ಅನುಮಾನ ಅವರನ್ನೂ ಬಿಡಲಿಲ್ಲ. 1934ರ ಗೆಲುವನ್ನು ಪೋಲೆಂಡಿನ ಪತ್ರಿಕೆಗಳು ತಮ್ಮವರ ಗೆಲುವೆಂದು ಬರೆದಾಗ, ಆಟಗಾರರ ತಂದೆ ತಾಯಿಯರೆಲ್ಲ ಹುಟ್ಟಿದ್ದು ಜರ್ಮನ್ ನೆಲದಲ್ಲೇ ಎಂದು ಕ್ಲಬ್ ಪತ್ರಿಕೆಯಲ್ಲಿ ಸ್ಪಷ್ಟನೆ ಕೊಡಬೇಕಾಯಿತು. ಆದರೂ ಅದೇ ವರ್ಷದ ವಿಶ್ವಕಪ್‌ನಲ್ಲಿ ಶೆಪಾನ್ ಜರ್ಮನಿಯ ನಾಯಕ. ಯಾವ ದೇಶಕ್ಕೆ ಆಡುತ್ತೀಯೆಂದು ಅವರನ್ನು ಯಾರೂ ಕೇಳುವ ಹಾಗಿರಲಿಲ್ಲ. ಮಸೂರಿಯಾದವರು ಮೊದಲಿಂದಲೂ ಪ್ರಶ್ಯದ ಪ್ರಜೆಗಳು, ಕಾಗದದಲ್ಲಿ ಅವರು ಜರ್ಮನರೇ. ಅದೇ ಊರು, ಅದೇ ಕಲ್ಲಿದ್ದಲು, ಬೇರೆ ಮಾತಿನ ವಲಸಿಗರ ಅದೇ ಬಗೆಯ ಮಕ್ಕಳು. ಟರ್ಕರ ಮಕ್ಕಳ ಸರದಿ ಬಂದಾಗ ಬದಲಾಗಿದ್ದದ್ದು ಕಾಗದ.

1913ರ ಜರ್ಮನ್ ಕಾಯ್ದೆ ಪೌರತ್ವವನ್ನು ರಕ್ತಸಂಬಂಧಕ್ಕೆ ಕಟ್ಟಿಹಾಕಿತ್ತು. ಜರ್ಮನ್ ತಂದೆಗೋ ತಾಯಿಗೋ ಹುಟ್ಟಬೇಕು, ಜರ್ಮನ್ ನೆಲದಲ್ಲಿ ಹುಟ್ಟಿದ್ದು ಲೆಕ್ಕಕ್ಕಿಲ್ಲ. ಈ ನಿಯಮ ಬದಲಾದದ್ದು 2000ದ ಜನವರಿ 1ರಂದು. ಅಲ್ಲಿಯವರೆಗೆ ಅಲ್ಲಿ ಹುಟ್ಟಿದ ಟರ್ಕಿ ದಂಪತಿಯ ಮಗು ತಾನಾಗಿಯೇ ವಿದೇಶಿ. ಹೆರ್ನೆಯಲ್ಲಿ 1978ರಲ್ಲಿ ಹುಟ್ಟಿದ ಯಿಲ್ದಿರಾಯ್ ಬಾಶ್ತುರ್ಕ್ ಈ ತಲೆಮಾರಿನ ಮೊದಲ ದೊಡ್ಡ ಮಿಡ್‌ಫೀಲ್ಡರ್. 2002ರಲ್ಲಿ ಲೆವರ್‌ಕುಸೆನ್ ಪರ ಚಾಂಪಿಯನ್ಸ್ ಲೀಗ್ ಫೈನಲ್ ಆಡಿ, ಮರುತಿಂಗಳೇ ಟರ್ಕಿಯ ಜೆರ್ಸಿಯಲ್ಲಿ ವಿಶ್ವಕಪ್‌ಗೆ ಹೋದರು. ಟರ್ಕಿ ಮೂರನೇ ಸ್ಥಾನ ಪಡೆದ ಆ ವಿಶ್ವಕಪ್ಪನ್ನು ಆ ದೇಶ ಇಂದಿಗೂ ಹೆಮ್ಮೆಯಿಂದ ನೆನೆಯುತ್ತದೆ. ನಾಕೌಟ್ ಪಂದ್ಯಗಳ ಗೋಲುಗಳನ್ನು ಒಂದೊಂದಾಗಿ ನೋಡಿ. ಜಪಾನ್ ವಿರುದ್ಧದ ಏಕೈಕ ಗೋಲು ಉಮಿತ್ ದವಾಲಾ ಅವರ ಹೆಡರ್. ಅವರು ಹುಟ್ಟಿದ್ದು ಮಾನ್‌ಹೈಮ್‌ನಲ್ಲಿ. ಸೆನೆಗಲ್ ವಿರುದ್ಧ ಹೆಚ್ಚುವರಿ ಆಟದಲ್ಲಿ ಅದೇ ದವಾಲಾ ಬಲಬದಿಯಿಂದ ಕ್ರಾಸ್ ಕೊಟ್ಟರು, ಇಲ್ಹಾನ್ ಮನ್ಸಿಜ್ ಚೆಂಡು ನೆಲ ಮುಟ್ಟುವ ಮೊದಲೇ ಒದ್ದು ಬಲೆಗೆ ಸೇರಿಸಿದರು. ಗೋಲ್ಡನ್ ಗೋಲು, ಪಂದ್ಯ ಅಲ್ಲಿಗೇ ಮುಗಿಯಿತು. ಮನ್ಸಿಜ್ ಹುಟ್ಟಿದ್ದು ಜರ್ಮನಿಯ ಕೆಂಪ್ಟೆನ್‌ನಲ್ಲಿ. ಟರ್ಕಿಯನ್ನು ಸೆಮಿಫೈನಲ್‌ಗೆ ಹೊತ್ತೊಯ್ದ ಎರಡೂ ಗೋಲುಗಳು ಕರಾರಿನ ಮೇಲೆ ಹೋದ ದುಡಿಮೆಗಾರರ ಬೀದಿಗಳಿಂದ ಬಂದವು. ಜರ್ಮನ್ ಫುಟ್ಬಾಲ್ ಒಕ್ಕೂಟ ಆಗ ಈ ಮಕ್ಕಳತ್ತ ಕಣ್ಣೆತ್ತಿ ನೋಡತೊಡಗಿದ್ದಷ್ಟೆ. ಟರ್ಕಿಯಲ್ಲಿ ಹುಟ್ಟಿದ ಮುಸ್ತಫಾ ದೋಆನ್ 1999ರಲ್ಲಿ ಜರ್ಮನಿಗೆ ಆಡಿದ್ದರು, ಆದರೆ ಅದು ವಿರಳ ಪ್ರಸಂಗ.

ನೂರಿ ಶಾಹಿನ್ ಬಂದದ್ದು ಜರ್ಮನಿ ಈ ಮಕ್ಕಳನ್ನು ಕಡೆಗಣಿಸಿದ ಕಾಲ, ಗುರುತಿಸತೊಡಗಿದ ಕಾಲ ಎರಡೂ ಬೆರೆಯುವ ಸಂಧಿಯಲ್ಲಿ. ಅವರ ಬದುಕನ್ನು ನಿಧಾನವಾಗಿ ನೋಡಬೇಕಾದದ್ದೂ ಅದಕ್ಕೇ. ಹುಟ್ಟಿದ್ದು 1988ರ ಸೆಪ್ಟೆಂಬರ್ 5ರಂದು ಲ್ಯೂಡೆನ್‌ಶೈಡ್‌ನಲ್ಲಿ. ಅದು ಕಲ್ಲಿದ್ದಲಿನ ಊರಲ್ಲ, ರೂರ್ ಪಕ್ಕದ ಗುಡ್ಡಗಳಲ್ಲಿರುವ ಲೋಹದ ಕಾರ್ಖಾನೆಗಳ ಊರು. ಬೆಳೆದದ್ದು ಹತ್ತಿರದ ಮೈನೆರ್ಟ್ಸ್‌ಹಾಗೆನ್‌ನಲ್ಲಿ. 2001ರಲ್ಲಿ, ಹನ್ನೆರಡನೇ ವಯಸ್ಸಿಗೆ ಊರ ಕ್ಲಬ್ಬಿನಿಂದ ಬೊರುಸಿಯಾ ಡಾರ್ಟ್ಮುಂಡ್‌ಗೆ ಸೇರಿದರು. 2000ದ ಯೂರೋ ಕಪ್‌ನಲ್ಲಿ ಜರ್ಮನಿ ಒಂದೂ ಪಂದ್ಯ ಗೆಲ್ಲದೆ ಹೊರಬಿದ್ದ ಮೇಲೆ, ಮೇಲಿನ ದರ್ಜೆಯ ಕ್ಲಬ್ಬುಗಳೆಲ್ಲ ಕಿರಿಯರ ತರಬೇತಿ ಕೇಂದ್ರ ನಡೆಸುವುದು ಕಡ್ಡಾಯವಾದ ಸಮಯ ಅದು. ಹಾಗೆ ತರಬೇತಾದ ಮೊದಲ ಫಸಲಿನಲ್ಲಿ ಈ ಹುಡುಗನಿದ್ದ. 2005ರ ಆಗಸ್ಟ್‌ನಲ್ಲಿ 16 ವರ್ಷ 335 ದಿನಗಳ ಪ್ರಾಯದಲ್ಲಿ ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲಿಗಾದ ಅತಿ ಕಿರಿಯ ಆಟಗಾರನಾದ. ಆ ದಾಖಲೆ ಹದಿನೈದು ವರ್ಷ ಉಳಿಯಿತು. ಅದೇ ವರ್ಷ 17 ವರ್ಷದೊಳಗಿನವರ ಯೂರೋಪಿಯನ್ ಕಪ್ಪನ್ನು ಟರ್ಕಿ ಗೆದ್ದದ್ದು ಅವನ ಎಡಗಾಲಿನ ನೆರವಿನಿಂದ. ನೆದರ್ಲೆಂಡ್ಸ್‌ನ ಫೆಯೆನೂರ್ಡ್‌ನಲ್ಲಿ ಒಂದು ಋತು ಆಡಿ ಡಾರ್ಟ್ಮುಂಡ್‌ಗೆ ಮರಳಿದ ಮೇಲೆ, ಕೋಚ್ ಯೂರ್ಗನ್ ಕ್ಲಾಪ್ ಗರಡಿಯಲ್ಲಿ ಶಾಹಿನ್ ಆಟ ಮಾಗಿತು. ರಕ್ಷಣಾ ಸಾಲಿನ ಮುಂದೆಯೇ ನಿಂತು ಚೆಂಡು ಪಡೆಯುವುದು, ತಲೆಯೆತ್ತಿ ದೂರದ ಓಟಗಾರನನ್ನು ಗುರುತಿಸುವುದು, ಅವನ ಮುಂದಿನ ಹೆಜ್ಜೆಗೆ ಸರಿಯಾಗಿ ಚೆಂಡು ತಲುಪಿಸುವುದು. 2010–11ರಲ್ಲಿ ಡಾರ್ಟ್ಮುಂಡ್ ಲೀಗ್ ಗೆದ್ದಾಗ ಆ ಸಾಲಿನ ಶ್ರೇಷ್ಠ ಆಟಗಾರ ಎಂದು ಸಹ ಆಟಗಾರರೇ ಅವರನ್ನು ಆರಿಸಿದರು. ಆದರೆ ಋತುವಿನ ಕೊನೆಯಲ್ಲಿ ಮೊಣಕಾಲು ಕೈಕೊಟ್ಟಿತು, ಆ ನೋವಿನೊಂದಿಗೇ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಅಲ್ಲಿ ಲೀಗ್‌ನಲ್ಲಿ ಆಡಿದ್ದು ನಾಲ್ಕೇ ಪಂದ್ಯ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಇದ್ದ ಎತ್ತರಕ್ಕೆ ಅವರು ಮತ್ತೆ ಏರಲಿಲ್ಲ ಎಂಬುದು ನನಗೆ ಇವತ್ತಿಗೂ ಸಂಕಟದ ಸಂಗತಿ.

ಆದರೆ ಮ್ಯಾಡ್ರಿಡ್‌ನ ಆ 2011–12ರ ಡ್ರೆಸ್ಸಿಂಗ್ ರೂಮ್ ನನ್ನ ವಾದಕ್ಕೆ ದೊಡ್ಡ ಸಾಕ್ಷಿ. ನೂರು ಅಂಕ ಗಳಿಸಿ ಸ್ಪೇನಿನ ಲೀಗ್ ಗೆದ್ದ ಆ ತಂಡದಲ್ಲಿ ಟರ್ಕಿ ಮೂಲದ ಮೂವರು ಮಿಡ್‌ಫೀಲ್ಡರ್‌ಗಳಿದ್ದರು: ಶಾಹಿನ್, ಹಲೀಲ್‌ರ ಅವಳಿ ಸೋದರ ಹಮೀತ್ ಅಲ್ತಿಂತೋಪ್, ಮತ್ತು ಮೆಸುತ್ ಓಜಿಲ್. ಮೂವರೂ ಹುಟ್ಟಿದ್ದು ಜರ್ಮನಿಯ ಒಂದೇ ರಾಜ್ಯದಲ್ಲಿ. ಹಮೀತ್ ಮತ್ತು ಓಜಿಲ್ ಇಬ್ಬರದೂ ಗೆಲ್ಸೆನ್‌ಕಿರ್ಶೆನ್. ಶಾಹಿನ್, ಹಮೀತ್ ತೊಟ್ಟದ್ದು ಟರ್ಕಿಯ ಕೆಂಪು ಜೆರ್ಸಿ, ಓಜಿಲ್ ತೊಟ್ಟದ್ದು ಜರ್ಮನಿಯ ಬಿಳಿ ಜೆರ್ಸಿ. ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಹುಟ್ಟುವುದೂ ಇಲ್ಲೇ. ಶಾಹಿನ್ ಮತ್ತು ಓಜಿಲ್ ಹುಟ್ಟಿದ್ದು ಒಂದೇ ವರ್ಷ, ಒಂದೂವರೆ ತಿಂಗಳ ಅಂತರದಲ್ಲಿ. ಕಾಯ್ದೆ ಇಬ್ಬರಿಗೂ ಒಂದೇ. ಹಾಗಿದ್ದೂ ದಾರಿ ಬೇರೆಯಾಯಿತೆಂದರೆ ತೀರ್ಮಾನ ಮಾಡಿದ್ದು ಮನಸ್ಸೇ ಅಲ್ಲವೇ?

ಮನಸ್ಸು ತೀರ್ಮಾನಿಸಿತು, ಒಪ್ಪೋಣ. ಆದರೆ ಆ ತೀರ್ಮಾನಕ್ಕೆ ತೆರಬೇಕಾದ ಬೆಲೆ ಕಟ್ಟಿದ್ದು ಕಾಯ್ದೆ. 2000ದ ತಿದ್ದುಪಡಿ ಹೊಸದಾಗಿ ಹುಟ್ಟುವವರಿಗೆ ಬಾಗಿಲು ತೆರೆಯಿತು, ಹತ್ತು ತುಂಬದ ಮಕ್ಕಳಿಗೂ ಒಂದು ವರ್ಷದ ಅವಕಾಶ ಕೊಟ್ಟಿತು. 1988ರ ಇವರಿಬ್ಬರೂ ಆ ಗೆರೆಯಾಚೆ ಉಳಿದರು. ಜರ್ಮನಿಗೆ ಆಡಬೇಕಾದರೆ ಅರ್ಜಿ ಹಾಕಬೇಕು, ಸಾಮಾನ್ಯವಾಗಿ ಹಳೆಯ ಪಾಸ್‌ಪೋರ್ಟ್ ಬಿಟ್ಟುಕೊಡಬೇಕು. ಓಜಿಲ್ 2007ರಲ್ಲಿ ಟರ್ಕಿಯ ಪೌರತ್ವ ಬಿಟ್ಟರು. ಆ ಕಾಲದ ಫಿಫಾ ನಿಯಮದಂತೆ ಹಿರಿಯರ ತಂಡದ ಪರ ಒಂದೇ ಒಂದು ಅಧಿಕೃತ ಸ್ಪರ್ಧೆಯ ಪಂದ್ಯ ಆಡಿದರೂ ದೇಶ ಬದಲಿಸುವಂತಿಲ್ಲ. ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿನ ಹುಡುಗನೊಬ್ಬ, ತಾತ ಗಣಿಗೆ ಬಂದ ದಿನದಿಂದ ಬಗೆಹರಿಯದೆ ಉಳಿದ ಪ್ರಶ್ನೆಗೆ ಒಂದು ಸಹಿಯಲ್ಲಿ ಶಾಶ್ವತ ಉತ್ತರ ಕೊಡಬೇಕಿತ್ತು. ಕುಜೋರಾ, ಶೆಪಾನ್ ಅವರಿಗೆ ಇಂಥ ಸಹಿ ಯಾರೂ ಕೇಳಲಿಲ್ಲ. ಹೀಗೆ ಬಲವಂತವಾಗಿ ಒಂದು ಕಡೆ ನಿಂತದ್ದನ್ನು ನಿಷ್ಠೆಯ ಅಳತೆಗೋಲು ಮಾಡಿಕೊಂಡವರು ಪ್ರೇಕ್ಷಕರು. ಶಾಹಿನ್ ಗೋಲು ಹೊಡೆದ ಆ ಸಂಜೆಗೆ ಸರಿಯಾಗಿ ಐದು ವರ್ಷಕ್ಕೆ, 2010ರ ಅಕ್ಟೋಬರ್ 8ರಂದು, ಬರ್ಲಿನ್‌ನಲ್ಲಿ ಜರ್ಮನಿ ಟರ್ಕಿಯನ್ನು 3–0ಯಿಂದ ಸೋಲಿಸಿತು. ಚೆಂಡು ಓಜಿಲ್ ಕಾಲಿಗೆ ಬಂದಾಗಲೆಲ್ಲ ಟರ್ಕಿ ಬೆಂಬಲಿಗರಿಂದ ತುಂಬಿದ್ದ ಗ್ಯಾಲರಿಗಳು ಶಿಳ್ಳೆ ಹೊಡೆದು ಹೀಯಾಳಿಸಿದವು. ಅವರು ಗೋಲು ಹೊಡೆದರು, ಕೈ ಎತ್ತಲಿಲ್ಲ, ಕುಣಿಯಲಿಲ್ಲ. ಎಂಟು ವರ್ಷಗಳ ಬಳಿಕ, ಟರ್ಕಿಯ ಅಧ್ಯಕ್ಷರ ಜೊತೆ ತೆಗೆಸಿಕೊಂಡ ಫೋಟೋ ನೆಪವಾಗಿ ಜರ್ಮನರೂ ಅವರ ನಿಷ್ಠೆಯನ್ನು ಪ್ರಶ್ನಿಸಿದರು. ಗೆದ್ದಾಗ ಜರ್ಮನ್, ಸೋತಾಗ ವಲಸಿಗ ಎಂಬ ಅರ್ಥದ ಮಾತು ಬರೆದು ಅವರು ರಾಷ್ಟ್ರೀಯ ತಂಡ ಬಿಟ್ಟರು. ವಿಶ್ವಕಪ್ ಗೆದ್ದುಕೊಟ್ಟ ಆಟಗಾರನನ್ನು ಎರಡೂ ಕಡೆಯವರು ಹೀಗೆ ಅವಮಾನಿಸಿದ್ದು ಅನ್ಯಾಯ ಎಂದು ಹೇಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಇನ್ನೊಂದು ಆಕ್ಷೇಪವೂ ಇದೆ, ಅದನ್ನು ಬಹುಪಾಲು ಒಪ್ಪಬೇಕು. ಟರ್ಕಿಯ ನಡುಮೈದಾನವನ್ನು ಜರ್ಮನಿಯೇ ಕಟ್ಟಿತು ಎಂದರೆ ಇಸ್ತಾಂಬುಲ್‌ಗೆ ಮೋಸ ಮಾಡಿದಂತೆ. ತುಗಾಯ್ ಕೆರಿಮೋಲು, ಎಮ್ರೆ ಬೆಲೋಜೋಲು, ಅರ್ದಾ ತುರಾನ್ ಮೂವರೂ ಗಲಾತಸರಾಯ್ ಕ್ಲಬ್ಬಿನಲ್ಲಿ ಬೆಳೆದವರು. ತುಗಾಯ್ ಬ್ಲ್ಯಾಕ್‌ಬರ್ನ್‌ನಲ್ಲೂ ಎಮ್ರೆ ಇಂಟರ್ ಮಿಲಾನ್‌ನಲ್ಲೂ ಅರ್ದಾ ಅಟ್ಲೆಟಿಕೊ ಮ್ಯಾಡ್ರಿಡ್‌ನಲ್ಲೂ ಮೆರೆದವರು. ಅವರಿಗೆ ಜರ್ಮನಿಯ ಹಂಗಿಲ್ಲ. 2000ದಲ್ಲಿ ಆರ್ಸೆನಲ್ಲನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಗಲಾತಸರಾಯ್ ಯುಇಎಫ್‌ಎ ಕಪ್ ಗೆದ್ದದ್ದು ಮುಖ್ಯವಾಗಿ ತಾಯ್ನಾಡಿನ ಆಟಗಾರರ ಬಲದಿಂದ. ಆದರೆ ಅಂದು ಪೆನಾಲ್ಟಿ ಹೊಡೆದವರಲ್ಲಿ ಮಾನ್‌ಹೈಮ್‌ನ ದವಾಲಾ ಕೂಡ ಇದ್ದರು. ಟರ್ಕಿಯ ಫುಟ್ಬಾಲ್ ಬೆಳೆದದ್ದು ಎರಡು ಬೇರುಗಳ ಮೇಲೆ, ಒಂದು ಬಾಸ್ಫರಸ್ ದಡದಲ್ಲಿ, ಇನ್ನೊಂದು ರೈನ್ ನದಿಯ ಆಸುಪಾಸು. ಎರಡನೆಯದು ಹೇಗೆ ಅಲ್ಲಿ ಇಳಿಯಿತು ಎಂಬುದಷ್ಟೇ ಈ ಬರಹದ ವಿಷಯ.

ಶಾಹಿನ್ 2013ರಲ್ಲಿ ಡಾರ್ಟ್ಮುಂಡ್‌ಗೆ ಮರಳಿದರು. ಆಮೇಲೆ ಬ್ರೆಮೆನ್, ಅಲ್ಲಿಂದ ಟರ್ಕಿಯ ಅಂತಾಲ್ಯಾ. ಅಲ್ಲೇ ಆಟ ಬಿಟ್ಟು ಕೋಚ್ ಆದರು. 2024ರ ಜೂನ್‌ನಲ್ಲಿ ಡಾರ್ಟ್ಮುಂಡ್ ಅವರನ್ನು ಮುಖ್ಯ ಕೋಚ್ ಆಗಿ ನೇಮಿಸಿತು. ಹನ್ನೆರಡರ ಹುಡುಗನಾಗಿ ಸೇರಿದ ಕ್ಲಬ್ಬಿನ ಹೊಣೆ ಮೂವತ್ತೈದರಲ್ಲಿ ಕೈಗೆ ಬಂತು, ಏಳು ತಿಂಗಳಲ್ಲಿ ಕೈಬಿಟ್ಟೂ ಹೋಯಿತು. ಅವರ ನೇಮಕವಾದ ಅದೇ ಬೇಸಿಗೆಯಲ್ಲಿ ಯೂರೋ ಕಪ್ ಜರ್ಮನಿಯಲ್ಲೇ ನಡೆಯಿತು. ಜರ್ಮನಿಯ ನಾಯಕ ಗೆಲ್ಸೆನ್‌ಕಿರ್ಶೆನ್‌ನಲ್ಲಿ ಹುಟ್ಟಿದ ಇಲ್ಕಾಯ್ ಗುಂಡೋಗನ್, ಟರ್ಕಿಯ ನಾಯಕ ಮಾನ್‌ಹೈಮ್‌ನಲ್ಲಿ ಹುಟ್ಟಿದ ಹಕಾನ್ ಚಲ್ಹನೋಲು. ಇಬ್ಬರೂ ಮಿಡ್‌ಫೀಲ್ಡರ್‌ಗಳು, ಇಬ್ಬರೂ ಟರ್ಕಿ ಮೂಲದ ಮನೆಯವರು. ಜೂನ್ 26ರ ರಾತ್ರಿ ಹ್ಯಾಂಬರ್ಗ್‌ನಲ್ಲಿ ಟರ್ಕಿ ಜೆಕ್ ತಂಡವನ್ನು 2–1ರಿಂದ ಮಣಿಸಿತು. ಒಂದು ಗೋಲು ಚಲ್ಹನೋಲು ಅವರದು, ಹೆಚ್ಚುವರಿ ನಿಮಿಷಗಳಲ್ಲಿ ಬಂದ ಗೆಲುವಿನ ಗೋಲು ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ ಹುಟ್ಟಿದ ಜೆಂಕ್ ತೋಸುನ್ ಅವರದು. ಮರುದಿನ, ಜೂನ್ 27ರಂದು, ಹಳೆಯ ಪಾಸ್‌ಪೋರ್ಟ್ ಇಟ್ಟುಕೊಂಡೇ ಜರ್ಮನ್ ಪೌರರಾಗಬಹುದೆಂಬ ಹೊಸ ಕಾಯ್ದೆ ಜಾರಿಗೆ ಬಂತು. ಸಿರ್ಕೆಜಿಯಿಂದ ರೈಲು ಹೊರಡಲಾರಂಭಿಸಿ ಅಷ್ಟರಲ್ಲಿ ಅರವತ್ತೆರಡು ವರ್ಷಗಳೇ ಕಳೆದಿದ್ದವು.