ಟೊಳ್ಳು ತೊಲೆಯೊಳಗಿನ ತುಕ್ಕು

ಮೋಟಾರು ಕಾರಿನಷ್ಟೇ ಹಳೆಯದು ಅದಕ್ಕೆ ಹಿಡಿಯುವ ತುಕ್ಕು; ಆದರೆ ಕಣ್ಣಿಗೆ ಬೀಳದಂತೆ ಒಳಗಿನಿಂದ ತಿನ್ನುವ ತುಕ್ಕು ಇಪ್ಪತ್ತನೆಯ ಶತಮಾನದ ನಡುಭಾಗದ ಒಂದು ನಿರ್ಮಾಣ ಪದ್ಧತಿಯ ಜೊತೆಗೆ ಬಂದದ್ದು. ಮೊದಲಿನ ಕಾರುಗಳಲ್ಲಿ ಭಾರ ಹೊರುತ್ತಿದ್ದುದು ಚಾಸಿ ಎಂಬ ದಪ್ಪ ಉಕ್ಕಿನ ಚೌಕಟ್ಟು. ಅದರ ಮೇಲೆ ಕೂರಿಸಿದ ಮೈ ಬರಿಯ ಹೊದಿಕೆಯಾಗಿದ್ದುದರಿಂದ, ಹೊದಿಕೆಗೆ ತೂತು ಬಿದ್ದರೂ ಕಾರಿನ ಬಲಕ್ಕೆ ಕುಂದು ಬರುತ್ತಿರಲಿಲ್ಲ. ಅಮೆರಿಕದ ಎಡ್ವರ್ಡ್ ಬಡ್ ಅವರ ಸಂಸ್ಥೆ ಪೂರ್ತಿ ಉಕ್ಕಿನ ಮೈಯನ್ನು ಅಚ್ಚೊತ್ತಿ ಬೆಸೆಯುವ ವಿದ್ಯೆಯನ್ನು ರೂಢಿಸಿತು. 1926ರಲ್ಲಿ ವಿಲಿಯಂ ಮೋರಿಸ್ ಅದೇ ಸಂಸ್ಥೆಯ ಪಾಲುದಾರಿಕೆಯಲ್ಲಿ ಆಕ್ಸ್‌ಫರ್ಡಿನ ಬಳಿಯ ಕೌಲಿಯಲ್ಲಿ ಪ್ರೆಸ್ಡ್ ಸ್ಟೀಲ್ ಕಂಪನಿಯನ್ನು ಕಟ್ಟಿದಾಗ ಆ ವಿದ್ಯೆ ಬ್ರಿಟನ್ನಿನಲ್ಲಿ ಬೇರೂರಿತು. ಎರಡನೆಯ ಮಹಾಯುದ್ಧದ ನಂತರ ಚಾಸಿಯನ್ನೇ ಕೈಬಿಟ್ಟು, ತೆಳು ತಗಡನ್ನು ಮಡಿಸಿ ಬೆಸೆದ ಟೊಳ್ಳು ಪೆಟ್ಟಿಗೆಗಳೇ ಭಾರ ಹೊರುವಂತೆ ಮಾಡುವ ಕ್ರಮ, ಅಂದರೆ ಮೊನೊಕಾಕ್, ಅಲ್ಲಿ ಸಾಮಾನ್ಯವಾಯಿತು. ಕಾರು ಹಗುರವಾಯಿತು, ಅಗ್ಗವಾಯಿತು. ಅದರ ಬಲವೆಲ್ಲ ಯಾರೂ ಒಳಗೆ ಇಣುಕಲಾಗದ ಟೊಳ್ಳುಗಳಿಗೆ ಸೇರಿತು.

ಈ ಬದಲಾವಣೆಯ ಫಲವನ್ನು ಎಂಜಿಬಿ ಎಂಬ ಇಬ್ಬರು ಕೂರುವ ಕ್ರೀಡಾ ಕಾರಿನಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ವಿರಳ. ಸಿಡ್ ಎನೆವರ್ ಅವರ ನೇತೃತ್ವದಲ್ಲಿ ರೂಪುಗೊಂಡು 1962ರಿಂದ 1980ರವರೆಗೆ ಅಬಿಂಗ್ಡನ್ ಕಾರ್ಖಾನೆಯಲ್ಲಿ, 1965ರಲ್ಲಿ ಬಂದ ಗಟ್ಟಿ ಛಾವಣಿಯ ಜಿಟಿ ಮಾದರಿಯೂ ಸೇರಿದಂತೆ 5 ಲಕ್ಷಕ್ಕೂ ಮಿಕ್ಕಿ ತಯಾರಾದ ಈ ಕಾರು, ಚಾಸಿಯಿದ್ದ ಎಂಜಿಎಯ ಉತ್ತರಾಧಿಕಾರಿ. ತೆರೆದ ಮಾದರಿಗೆ ಛಾವಣಿಯಿಲ್ಲ. ಆದ್ದರಿಂದ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವ ಹೊರೆಯ ಬಹುಪಾಲು ಬಾಗಿಲುಗಳ ಕೆಳಗೆ ಉದ್ದಕ್ಕೂ ಚಾಚಿದ ಟೊಳ್ಳು ತೊಲೆಗಳ ಮೇಲೆ, ಅಂದರೆ ಸಿಲ್‌ಗಳ ಮೇಲೆ ಬೀಳುತ್ತದೆ. ಹೊರಗಿನಿಂದ ಒಂದೇ ತಗಡಿನಂತೆ ಕಾಣುವ ಸಿಲ್‌ನಲ್ಲಿ ಹೊರತಗಡು, ಒಳತಗಡು, ಅವೆರಡರ ನಡುವೆ ನೆಟ್ಟಗೆ ನಿಂತ ಅಡ್ಡತಗಡು, ಇವೆಲ್ಲವನ್ನೂ ಕೆಳಗಿನಿಂದ ಕೂಡಿಸುವ ಕ್ಯಾಸಲ್ ರೈಲ್ ಎಂಬ ಪಟ್ಟಿ ಸೇರಿವೆ. ಕೋಟೆಯ ತೆನೆಗಳಂತೆ ಎದ್ದುಬಿದ್ದ ಅಂಚಿನಿಂದ ಆ ಪಟ್ಟಿಗೆ ಈ ಹೆಸರು ಬಂದಿದೆ. ಹೊರತಗಡಿನ ಎರಡೂ ತುದಿಗಳು ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡುಗಳ ಮರೆಗೆ ಸರಿದಿರುತ್ತವೆ. ಮುಂಚಕ್ರ ಎರಚಿದ ಕೆಸರನ್ನು ತಡೆಯಲು ಅಲ್ಲಿ ಒಂದು ತಡೆತಗಡನ್ನೂ ರಬ್ಬರ್ ಅಂಚನ್ನೂ ಇಟ್ಟಿದ್ದರೂ, ರಬ್ಬರ್ ಸವೆದ ಮೇಲೆ ಕೆಸರು ಅದರ ಹಿಂದೆ ತೂರಿ ಸಿಲ್‌ನ ಮುಂತುದಿಯ ಮೇಲೆ ಕೂತು, ಬೇಸಿಗೆಯಲ್ಲೂ ಪೂರ್ತಿ ಒಣಗದೆ ಉಳಿಯುತ್ತದೆ.

ಕೆಸರಿನ ಅಡಿಯ ಉಕ್ಕೇ ಮೊದಲು ಏಕೆ ಕರಗುತ್ತದೆ ಎಂಬುದನ್ನು 1920ರ ದಶಕದಲ್ಲಿ ಕೇಂಬ್ರಿಜಿನ ಯೂಲಿಕ್ ಇವಾನ್ಸ್ ಅವರ ಪ್ರಯೋಗಗಳು ತೋರಿಸಿದ್ದವು. ಉಕ್ಕಿನ ಮೇಲೆ ಉಪ್ಪುನೀರಿನ ಹನಿಯೊಂದನ್ನು ಇಟ್ಟರೆ ಗಾಳಿ ಚೆನ್ನಾಗಿ ತಾಗುವ ಅಂಚು ಉಳಿದುಕೊಂಡು, ಆಮ್ಲಜನಕ ಕಡಿಮೆ ತಲುಪುವ ನಡುಭಾಗ ಸವೆಯುತ್ತದೆ. ಎರಡು ಭಾಗಗಳ ನಡುವೆ ಸಣ್ಣ ವಿದ್ಯುತ್ಕೋಶವೇ ಏರ್ಪಟ್ಟಿರುತ್ತದೆ. ಇವಾನ್ಸ್ ಹನಿಯಲ್ಲಿ ಕಂಡದ್ದೇ ಕೆಸರಿನ ಪದರದ ಅಡಿಯಲ್ಲೂ ಎರಡು ತಗಡುಗಳನ್ನು ಒತ್ತಿ ಬೆಸೆದ ಸಂದಿನಲ್ಲೂ ನಡೆಯುತ್ತದೆ. ತುಕ್ಕು ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಜಾಗ ಹಿಡಿಯುವುದರಿಂದ ಸಂದಿನೊಳಗೆ ಬೆಳೆದು ತಗಡುಗಳನ್ನು ಪರಸ್ಪರ ದೂರ ತಳ್ಳುತ್ತದೆ. ಹೊರಮೈಯ ಬಣ್ಣ ಹಪ್ಪಳದಂತೆ ಉಬ್ಬಿ ಮಾಲೀಕನಿಗೆ ಮೊದಲ ಗುರುತು ಸಿಗುವ ಹೊತ್ತಿಗೆ, ಸುಮಾರು 1 ಮಿಲಿಮೀಟರ್ ದಪ್ಪದ ತಗಡು ಒಳಗಿನಿಂದ ತೂತಾಗಿರುತ್ತದೆ. ಉಪ್ಪು ನೀರಿನ ವಿದ್ಯುದ್ವಾಹಕತೆಯನ್ನು ಹೆಚ್ಚಿಸುತ್ತದೆ, ಗಾಳಿಯ ತೇವವನ್ನೂ ಹೀರಿ ಹಿಡಿದಿಡುತ್ತದೆ. ಯುದ್ಧಾನಂತರದ ಬ್ರಿಟನ್ನಿನಲ್ಲಿ ಚಳಿಗಾಲದ ಮಂಜುಗಡ್ಡೆ ಕರಗಿಸಲು ಚೆಶರ್‌ನ ವಿನ್ಸ್‌ಫರ್ಡ್‌ನಂಥ ಗಣಿಗಳ ಕಲ್ಲುಪ್ಪನ್ನು ಹೆದ್ದಾರಿಗಳಿಗೆ ಎರಚುವ ರೂಢಿ ಬೆಳೆದದ್ದೂ ಮೊನೊಕಾಕ್ ಕಾರುಗಳು ರಸ್ತೆ ತುಂಬಿದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ.

ಹಾಗೆಂದು ಉಪ್ಪು ರಸ್ತೆಯಿಂದಲೇ ಬರಬೇಕೆಂದಿಲ್ಲ. ಕೌಲಿಯ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯೇ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಎಂಬ ಹೆಸರಿನಿಂದ 2014ರವರೆಗೆ ತಯಾರಾದದ್ದು. ಅದರದ್ದೂ ಚಾಸಿಯಿಲ್ಲದ ಮೈ. ಮಂಜು ಬೀಳದ ಕರಾವಳಿ ಕರ್ನಾಟಕದಲ್ಲಿ ಕಡಲಗಾಳಿಯ ಉಪ್ಪು ಮತ್ತು ನಾಲ್ಕು ತಿಂಗಳ ಮಳೆ ಸೇರಿ ಅದೇ ಕೆಲಸ ಮಾಡುತ್ತವೆ, ಟಿಂಕರಿಂಗ್ ಶೆಡ್ಡುಗಳಿಗೆ ಅಂಬಾಸಿಡರ್‌ನ ನೆಲತಗಡು ಕತ್ತರಿಸಿ ಗ್ಯಾಸ್ ವೆಲ್ಡಿಂಗ್‌ನಿಂದ ಪ್ಯಾಚ್ ಹಾಕುವ ಕೆಲಸ ಒದಗಿಸುತ್ತವೆ.

ಬ್ರಿಟನ್ನಿನಲ್ಲಿ ಮರೆಯ ತುಕ್ಕನ್ನು ಬೆಳಕಿಗೆ ತಂದದ್ದು ಎಂಜಿನಿಯರುಗಳಿಗಿಂತ ಹೆಚ್ಚಾಗಿ ಕಾನೂನು. ಸಾರಿಗೆ ಸಚಿವಾಲಯದ ಹೆಸರಿನಿಂದ ಎಂಒಟಿ ಎಂದೇ ಕರೆಯಲಾದ ಕಡ್ಡಾಯ ಪರೀಕ್ಷೆ 1960ರಲ್ಲಿ ಆರಂಭವಾದಾಗ, ಹತ್ತು ವರ್ಷ ದಾಟಿದ ವಾಹನಗಳ ಬ್ರೇಕು, ದೀಪ, ಸ್ಟಿಯರಿಂಗ್‌ಗಳಷ್ಟೇ ಅದರ ವ್ಯಾಪ್ತಿಯಲ್ಲಿದ್ದವು. ವಯಸ್ಸಿನ ಮಿತಿ ಮರುವರ್ಷವೇ ಏಳಕ್ಕೂ 1967ರಲ್ಲಿ ಮೂರಕ್ಕೂ ಇಳಿಯಿತು. ಕಾರಿನ ಮೈಕಟ್ಟಿನ ಸ್ಥಿತಿಯನ್ನೂ ನೋಡಬೇಕೆಂಬ ನಿಯಮ ಬಂದದ್ದು 1977ರಲ್ಲಿ. ಸಸ್ಪೆನ್ಷನ್, ಸ್ಟಿಯರಿಂಗ್, ಸೀಟ್‌ಬೆಲ್ಟುಗಳ ಬಿಗಿತಾಣದಿಂದ 30 ಸೆಂಟಿಮೀಟರ್ ಒಳಗೆ ತಗಡು ಸವೆದಿದ್ದರೆ ಕಾರು ಅನುತ್ತೀರ್ಣ ಎಂಬ ಅಳತೆ ಮುಂದೆ ಪರೀಕ್ಷಕರ ಕೈಗೆ ಬಂತು. ಹೆಬ್ಬೆರಳಿನಿಂದ ಒತ್ತಿ, ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸದ್ದಿನಲ್ಲೇ ತಗಡಿನ ಸ್ಥಿತಿ ತಿಳಿಯುವುದು ಅವರ ವಿಧಾನವಾಯಿತು. ಎಂಜಿಬಿ ಬಲ್ಲವರಿಗೆ ಇನ್ನೂ ಒಂದು ಉಪಾಯ ಗೊತ್ತಿತ್ತು. ಮುಂಚಕ್ರದ ಹಿಂದೆ ಜ್ಯಾಕ್ ಕೊಟ್ಟು ಎತ್ತಿದಾಗ ಬಾಗಿಲಿನ ಸಂದು ಕಿರಿದಾಗಿ ಬಾಗಿಲು ಹಿಡಿದುಕೊಂಡರೆ, ಸಿಲ್ ಒಳಗೇ ಸತ್ತಿದೆ ಎಂದರ್ಥ.

ಪರೀಕ್ಷೆಯ ಬೆನ್ನಿಗೇ ಕಳ್ಳ ರಿಪೇರಿಯೂ ಬೆಳೆಯಿತು. 1950ರ ದಶಕದಲ್ಲಿ ಬಳಕೆಗೆ ಬಂದ ಪಾಲಿಯೆಸ್ಟರ್ ಪುಟ್ಟಿ, ಗಾಜಿನ ನಾರು, ತಂತಿ ಬಲೆ, ಕೊನೆಗೆ ಹಳೆಯ ದಿನಪತ್ರಿಕೆಯವರೆಗೆ ಎಲ್ಲವೂ ತೂತಿಗೆ ತುರುಕಲ್ಪಟ್ಟು ಮೇಲೆ ಬಣ್ಣ ಬಳಿಯಲ್ಪಟ್ಟವು. ಕೊಳೆತ ಸಿಲ್‌ನ ಮೇಲೆಯೇ ಹೊಸ ತಗಡು ಹೊದಿಸುವ ಕ್ರಮ ಇವೆಲ್ಲಕ್ಕಿಂತ ಕೆಟ್ಟದ್ದೆನ್ನಬೇಕು: ಪುಟ್ಟಿಯಾದರೂ ಒಡೆದು ತನ್ನ ಗುಟ್ಟು ಬಿಟ್ಟುಕೊಡುತ್ತದೆ, ಹೊದಿಕೆಯಾದರೋ ಎರಡು ಪದರಗಳ ನಡುವೆ ನೀರನ್ನು ಬಂಧಿಸಿ, ಇವಾನ್ಸ್ ವಿವರಿಸಿದ ಸಂದುಗಳನ್ನು ಇಮ್ಮಡಿಗೊಳಿಸುತ್ತದೆ. ಭಾರ ಹೊರುವ ಭಾಗಕ್ಕೆ ಪುಟ್ಟಿಯೂ ರಿವೆಟ್ಟೂ ಸಲ್ಲದು, ಪ್ಯಾಚ್‌ನ ಅಂಚಿನುದ್ದಕ್ಕೂ ಎಡೆಬಿಡದ ವೆಲ್ಡಿಂಗ್ ಇರಬೇಕು ಎಂದು ಪರೀಕ್ಷೆಯ ನಿಯಮ ವಿಧಿಸಿದ್ದು ಈ ಕಾರಣಕ್ಕೇ.

ಕ್ರಮಬದ್ಧ ರಿಪೇರಿ ಬಲು ದೀರ್ಘ. ಸಿಲ್‌ನ ತುದಿಗಳು ಮಡ್‌ಗಾರ್ಡಿನ ಮರೆಯಲ್ಲಿರುವುದರಿಂದ ಮುಂದಿನದನ್ನು ಬಿಚ್ಚಿ, ಹಿಂದಿನದರ ಕೆಳ ಅಂಚನ್ನು ಕತ್ತರಿಸಿದ ಹೊರತು ಪೂರ್ತಿ ಹೊರತಗಡನ್ನು ಕೂರಿಸಲಾಗದು; ಬಾಗಿಲಿನಷ್ಟೇ ಉದ್ದದ ಅರ್ಧ ಸಿಲ್ ಬೆಸೆದು ಮುಗಿಸುವ ಸೋಮಾರಿತನ ಹುಟ್ಟಿದ್ದು ಇಲ್ಲಿಯೇ. ಕತ್ತರಿಸುವ ಮುನ್ನ ಬಾಗಿಲ ಕಂಡಿಗೆ ಉಕ್ಕಿನ ಅಡ್ಡಪಟ್ಟಿ ಬೆಸೆದು ಆಕಾರವನ್ನು ಕಾಯಬೇಕು. ಇಲ್ಲವಾದರೆ ಕಾರು ನಡುವಿನಲ್ಲಿ ಕುಸಿದು, ಆ ಕುಸಿತವೇ ಹೊಸ ವೆಲ್ಡಿಂಗ್‌ನಿಂದ ಶಾಶ್ವತವಾಗುತ್ತದೆ. ಗ್ಯಾಸ್ ಜ್ವಾಲೆಯ ಕಾವು ಅಗಲಕ್ಕೆ ಹರಡಿ ತೆಳು ತಗಡನ್ನು ಡೊಂಕು ಮಾಡುತ್ತಿತ್ತು; ರಕ್ಷಕ ಅನಿಲದ ಹೊದಿಕೆಯೊಳಗೆ ತಂತಿಯನ್ನು ತಾನಾಗಿ ಊಡಿಸುವ ಮಿಗ್ ವೆಲ್ಡಿಂಗ್ ಸಣ್ಣ ಗ್ಯಾರೇಜುಗಳಿಗೂ ಎಟುಕಿದ ಮೇಲೆ ಈ ಕೆಲಸ ಹವ್ಯಾಸಿಗಳಿಗೂ ಸಾಧ್ಯವಾಯಿತು. ಕಾರ್ಖಾನೆಯಲ್ಲಿ ಚುಕ್ಕೆ ಬೆಸುಗೆ ಹಾಕಿದ್ದ ಜಾಗದಲ್ಲಿ ಅವರು ಮೇಲಿನ ತಗಡಿಗೆ ಸಾಲಾಗಿ ತೂತು ಕೊರೆದು, ತೂತುಗಳನ್ನು ಬೆಸುಗೆಯಿಂದ ತುಂಬಿದರು. ಟೊಳ್ಳಿನೊಳಗೆ ಮೇಣದ ದ್ರಾವಣ ಸಿಂಪಡಿಸುವುದು ಕೊನೆಯ ಹಂತ.

ಇಷ್ಟೆಲ್ಲ ದುಡಿಮೆಯ ಕೂಲಿ ಹಲವು ಕಾರುಗಳ ಬೆಲೆಯನ್ನೇ ಮೀರುತ್ತಿದ್ದ ಕಾಲದಲ್ಲಿ, ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಉಳಿದಿದ್ದ ಹಳೆಯ ಅಚ್ಚುಗಳನ್ನು ಕೂಡಿಸಿ 1988ರಲ್ಲಿ ಎಂಜಿಬಿಯ ಮೈಯನ್ನು ಇಡಿಯಾಗಿ ಮತ್ತೆ ತಯಾರಿಸತೊಡಗಿತು. 1992ರಿಂದ 1995ರವರೆಗೆ ಬಂದು ಬಹುಪಾಲು ಜಪಾನಿಗೆ ಹೋದ ಎಂಜಿ ಆರ್‌ವಿ8 ಕಾರು ಈ ಮೈಯ ಮಾರ್ಪಾಡಿನ ಮೇಲೆಯೇ ನಿಂತಿದೆ. ಹಳೆಯ ಎಂಜಿನ್, ಗೇರ್‌ಪೆಟ್ಟಿಗೆ, ಆಕ್ಸಲ್‌ಗಳನ್ನು ಹೊಸ ಮೈಗೆ ಜೋಡಿಸಿದರೆ ಅದು ಅದೇ ಕಾರೇ ಎಂಬ ತರ್ಕ ಅಭಿಮಾನಿಗಳನ್ನು ಇಂದಿಗೂ ಕಾಡುತ್ತದೆ. ನೋಂದಣಿ ಇಲಾಖೆಗೆ ಅಂಥ ತಲೆನೋವಿಲ್ಲ: ಮೂಲ ವಿನ್ಯಾಸದ ಹೊಸ ಮೈ ಮತ್ತು ಸಾಕಷ್ಟು ಹಳೆಯ ಭಾಗಗಳಿದ್ದರೆ ಹಳೆಯ ನಂಬರೇ ಮುಂದುವರಿಯುತ್ತದೆ.

2018ರ ಮೇ ತಿಂಗಳಿನಿಂದ ಬ್ರಿಟನ್ನು 40 ವರ್ಷ ದಾಟಿದ, ಗಣನೀಯವಾಗಿ ಬದಲಾಯಿಸದ ಕಾರುಗಳಿಗೆ ಎಂಒಟಿಯಿಂದ ವಿನಾಯಿತಿ ಕೊಟ್ಟಿದೆ. ಅಬಿಂಗ್ಡನ್ನಿನಿಂದ ಹೊರಬಂದ ಎಂಜಿಬಿಗಳೆಲ್ಲ ಈಗ ಆ ವಯಸ್ಸನ್ನು ದಾಟಿವೆ. ಕಾರನ್ನು ರಸ್ತೆಗೆ ಯೋಗ್ಯವಾಗಿ ಇಟ್ಟುಕೊಳ್ಳುವ ಹೊಣೆ ಮಾಲೀಕನ ಮೇಲೆ ಮೊದಲಿನಂತೆಯೇ ಇದೆ. ಅವನು ಬಯಸಿದರೆ ಹಣ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಬಹುದು. ಆದರೆ ಮೂರು ಪದರ ತಗಡಿನ ಹಿಂದೆ ಇರುವುದನ್ನು ವರ್ಷಕ್ಕೊಮ್ಮೆ ತಟ್ಟಿ ನೋಡಲೇಬೇಕೆಂಬ ಕಟ್ಟುಪಾಡು, ಅದರ ಅಗತ್ಯ ಅತಿ ಹೆಚ್ಚಿರುವ ಕಾರುಗಳಿಗೇ ಇಲ್ಲವಾಗಿದೆ.