ಬೆಂಗಳೂರು ಬುಲ್ಸ್ ತಂಡದ ಆವೃತ್ತಿವಾರು ಇತಿಹಾಸ

ಬೆಂಗಳೂರು ಬುಲ್ಸ್ ಕರ್ನಾಟಕದ ರಾಜಧಾನಿ ಬೆಂಗಳೂರನ್ನು ಪ್ರತಿನಿಧಿಸುವ ವೃತ್ತಿಪರ ಕಬಡ್ಡಿ ತಂಡವಾಗಿದೆ. ಪ್ರೊ ಕಬಡ್ಡಿ ಲೀಗ್ ಆರಂಭಗೊಂಡ 2014ರಲ್ಲಿಯೇ ಸ್ಥಾಪನೆಯಾದ ಈ ತಂಡವು ಆ ಲೀಗಿನ ಎಂಟು ಮೂಲ ತಂಡಗಳಲ್ಲಿ ಒಂದು. ನಗರದ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣವು ಇದರ ತವರು ಅಂಗಣ. ತಂಡವು ಆರನೆಯ ಆವೃತ್ತಿಯಲ್ಲಿ (2018–19) ಚಾಂಪಿಯನ್ ಪಟ್ಟವನ್ನು ಗೆದ್ದಿದೆ. ಎರಡನೆಯ ಆವೃತ್ತಿಯಲ್ಲಿ (2015) ರನ್ನರ್ ಅಪ್ ಆಗಿದೆ. ಈ ಲೇಖನವು 2014ರಿಂದ 2025ರವರೆಗಿನ ಹನ್ನೆರಡು ಆವೃತ್ತಿಗಳಲ್ಲಿ ತಂಡವು ನಡೆದುಬಂದ ದಾರಿಯನ್ನು ವಿವರಿಸುತ್ತದೆ.

ಹಿನ್ನೆಲೆ

ಕಬಡ್ಡಿಯು ಕರ್ನಾಟಕದ ಗ್ರಾಮೀಣ ಬದುಕಿನೊಂದಿಗೆ ಬೆರೆತಿರುವ ಆಟ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಮುಂತಾದ ಉತ್ತರ ಕರ್ನಾಟಕದ ಊರುಗಳಿಂದ ಹಿಡಿದು ಕರಾವಳಿಯವರೆಗೆ ಜಾತ್ರೆ, ಉತ್ಸವ, ಶಾಲಾ ಕ್ರೀಡಾಕೂಟಗಳ ಸಂದರ್ಭದಲ್ಲಿ ಮಣ್ಣಿನ ಅಂಕಣದಲ್ಲಿ ಈ ಆಟ ನಡೆಯುತ್ತ ಬಂದಿದೆ. ರಾಜ್ಯದ ಕಬಡ್ಡಿ ಆಟಗಾರರಾದ ಸಿ. ಹೊನ್ನಪ್ಪ (2000), ಬಿ.ಸಿ. ರಮೇಶ್ (2001) ಹಾಗೂ ಮಮತಾ ಪೂಜಾರಿ (2014) ಅರ್ಜುನ ಪ್ರಶಸ್ತಿಗೆ ಪಾತ್ರರಾಗಿದ್ದಾರೆ.

ಮಶಾಲ್ ಸ್ಪೋರ್ಟ್ಸ್ ಸಂಸ್ಥೆಯು ರೂಪಿಸಿದ ಪ್ರೊ ಕಬಡ್ಡಿ ಲೀಗ್ 2014ರ ಜುಲೈ 26ರಂದು ಆರಂಭವಾಯಿತು. ಮಣ್ಣಿನ ಅಂಕಣದ ಬದಲು ಮ್ಯಾಟ್ ಬಂದಿತು. ದಾಳಿಗೆ 30 ಸೆಕೆಂಡುಗಳ ಮಿತಿ ವಿಧಿಸಲಾಯಿತು. ಪಂದ್ಯಗಳು ಸಂಜೆಯ ವೇಳೆ ದೂರದರ್ಶನ ವಾಹಿನಿಗಳಲ್ಲಿ ನೇರಪ್ರಸಾರಗೊಂಡವು. ಪ್ರತಿ ತಂಡದಲ್ಲಿ ಅಂಕಣದೊಳಗೆ ಏಳು ಮಂದಿ ಆಡುತ್ತಾರೆ. ಪಂದ್ಯವು ತಲಾ 20 ನಿಮಿಷಗಳ ಎರಡು ಅವಧಿಗಳಲ್ಲಿ ನಡೆಯುತ್ತದೆ. ಎದುರಾಳಿ ತಂಡದ ಎಲ್ಲ ಆಟಗಾರರನ್ನು ಹೊರಗೆ ಕಳುಹಿಸಿದರೆ ಅದನ್ನು ಆಲೌಟ್ ಎನ್ನುತ್ತಾರೆ. ಅದಕ್ಕೆ ಎರಡು ಹೆಚ್ಚುವರಿ ಅಂಕಗಳು ದೊರೆಯುತ್ತವೆ. ಮುಂದೆ ವಿವರಿಸಲಾಗುವ ಹಲವು ಪಂದ್ಯಗಳ ದೊಡ್ಡ ಅಂತರದ ಫಲಿತಾಂಶಗಳಿಗೆ ಈ ಆಲೌಟ್ ನಿಯಮವೂ ಒಂದು ಕಾರಣ.

ಆರಂಭದ ಆವೃತ್ತಿಗಳು (2014–2015)

ಮೊದಲ ಆವೃತ್ತಿ (2014): ರಣಧೀರ್ ಸಿಂಗ್ ಸೆಹ್ರಾವತ್ ತಂಡದ ಮೊದಲ ತರಬೇತುದಾರರು. ಮಂಜೀತ್ ಚಿಲ್ಲರ್ ನಾಯಕರಾಗಿದ್ದರು. ದಾಳಿಯಲ್ಲಿ ಅಜಯ್ ಠಾಕೂರ್ ಅವರ ಬಲವಿತ್ತು. ಬುಲ್ಸ್ ಸೆಮಿಫೈನಲ್ ಪ್ರವೇಶಿಸಿತು. ಅಲ್ಲಿ ಯು ಮುಂಬಾ ತಂಡಕ್ಕೆ 23–27 ಅಂಕಗಳಿಂದ ಸೋತಿತು. ಮೂರನೆಯ ಸ್ಥಾನದ ಪಂದ್ಯದಲ್ಲಿಯೂ ಪಾಟ್ನಾ ಪೈರೇಟ್ಸ್ ಎದುರು 22–29ರಿಂದ ಪರಾಭವಗೊಂಡು ನಾಲ್ಕನೆಯ ಸ್ಥಾನದಲ್ಲಿ ಉಳಿಯಿತು.

ಎರಡನೆಯ ಆವೃತ್ತಿ (2015): ಮಂಜೀತ್ ಚಿಲ್ಲರ್ ಅವರ ನಾಯಕತ್ವದಲ್ಲಿಯೇ ತಂಡವು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಸೆಮಿಫೈನಲಿನಲ್ಲಿ ತೆಲುಗು ಟೈಟನ್ಸ್ ತಂಡವನ್ನು 39–38ರಿಂದ, ಅಂದರೆ ಒಂದೇ ಅಂಕದ ಅಂತರದಿಂದ ಮಣಿಸಿತು. ಆಗಸ್ಟ್ 23ರಂದು ಮುಂಬಯಿಯಲ್ಲಿ ನಡೆದ ಫೈನಲಿನಲ್ಲಿ ಯು ಮುಂಬಾ ತಂಡವು ಬುಲ್ಸ್ ತಂಡವನ್ನು 36–30ರಿಂದ ಸೋಲಿಸಿ ಪ್ರಶಸ್ತಿ ಪಡೆಯಿತು. ದಾಳಿ, ರಕ್ಷಣೆ ಎರಡರಲ್ಲಿಯೂ ಸಮರ್ಥರಾಗಿದ್ದ ಮಂಜೀತ್ ಚಿಲ್ಲರ್ ಆವೃತ್ತಿಯ ಅತ್ಯಮೂಲ್ಯ ಆಟಗಾರ ಎಂಬ ಮನ್ನಣೆಗೆ ಪಾತ್ರರಾದರು. ಮುಂದೆ ಲೀಗಿನ ಪ್ರಸಿದ್ಧ ದಾಳಿಗಾರರಾಗಿ ಬೆಳೆದ ಪ್ರದೀಪ್ ನರ್ವಾಲ್ ಲೀಗಿಗೆ ಪದಾರ್ಪಣೆ ಮಾಡಿದ್ದು ಇದೇ ಆವೃತ್ತಿಯಲ್ಲಿ, ಬುಲ್ಸ್ ಪರವಾಗಿ.

ಹಿನ್ನಡೆಯ ಕಾಲ (2016–2017)

ಮೂರನೆಯ ಆವೃತ್ತಿ (ಜನವರಿ–ಮಾರ್ಚ್ 2016): ಈ ಆವೃತ್ತಿಯ ಹೊತ್ತಿಗೆ ಮಂಜೀತ್ ಚಿಲ್ಲರ್ ಹಾಗೂ ಅಜಯ್ ಠಾಕೂರ್ ಇಬ್ಬರೂ ಪುಣೇರಿ ಪಲ್ಟನ್ ತಂಡವನ್ನು ಸೇರಿದ್ದರು. ಪ್ರದೀಪ್ ನರ್ವಾಲ್ ಪಾಟ್ನಾ ಪೈರೇಟ್ಸ್ ಪಾಲಾದರು. ಪ್ರಮುಖರನ್ನು ಕಳೆದುಕೊಂಡ ಬುಲ್ಸ್ ಎಂಟು ತಂಡಗಳಲ್ಲಿ ಏಳನೆಯ ಸ್ಥಾನಕ್ಕೆ ಕುಸಿಯಿತು. ಅದೇ ವೇಳೆ ನರ್ವಾಲ್ ಪಾಟ್ನಾ ತಂಡದೊಂದಿಗೆ ಸತತ ಮೂರು ಪ್ರಶಸ್ತಿಗಳ ಸಾಧನೆಯ ಮೊದಲ ಮೆಟ್ಟಿಲನ್ನು ಏರಿದರು. ಪವನ್ ಸೆಹ್ರಾವತ್ ಎಂಬ ಯುವ ದಾಳಿಗಾರರು ಬುಲ್ಸ್ ತಂಡಕ್ಕೆ ಸೇರಿದ್ದು ಈ ಆವೃತ್ತಿಯ ಇನ್ನೊಂದು ವಿಶೇಷ.

ನಾಲ್ಕನೆಯ ಆವೃತ್ತಿ (ಜೂನ್–ಜುಲೈ 2016): ಒಂದೇ ವರ್ಷದಲ್ಲಿ ಎರಡನೆಯ ಬಾರಿಗೆ ಲೀಗ್ ನಡೆಯಿತು. ಯು ಮುಂಬಾದಲ್ಲಿ ಜೋಡಿಯಾಗಿ ಹೆಸರು ಮಾಡಿದ್ದ ರಕ್ಷಣಾ ಆಟಗಾರರಾದ ಮೋಹಿತ್ ಚಿಲ್ಲರ್ ಹಾಗೂ ಸುರೇಂದರ್ ನಾಡಾ ಅವರನ್ನು ಬುಲ್ಸ್ ತನ್ನದಾಗಿಸಿಕೊಂಡಿತು. ಮೋಹಿತ್ ಅವರಿಗೆ ನೀಡಿದ 53 ಲಕ್ಷ ರೂಪಾಯಿ ಆ ಹರಾಜಿನ ಅತಿ ಹೆಚ್ಚಿನ ಮೊತ್ತವಾಗಿತ್ತು. ಆದರೂ ತಂಡವು ಆರನೆಯ ಸ್ಥಾನವನ್ನು ದಾಟಲಿಲ್ಲ.

ಐದನೆಯ ಆವೃತ್ತಿ (2017): ಗುಜರಾತ್, ಹರಿಯಾಣ, ತಮಿಳುನಾಡು ಹಾಗೂ ಉತ್ತರ ಪ್ರದೇಶಗಳ ತಂಡಗಳ ಸೇರ್ಪಡೆಯಿಂದ ತಂಡಗಳ ಸಂಖ್ಯೆ ಹನ್ನೆರಡಕ್ಕೆ ಏರಿತು; ಅವುಗಳನ್ನು ಎರಡು ವಲಯಗಳಾಗಿ ವಿಂಗಡಿಸಲಾಯಿತು. ಬುಲ್ಸ್ 81 ಲಕ್ಷ ರೂಪಾಯಿಗೆ ರೋಹಿತ್ ಕುಮಾರ್ ಅವರನ್ನು ಪಡೆದು ನಾಯಕತ್ವವನ್ನು ವಹಿಸಿತು. ಕಂಠೀರವ ಒಳಾಂಗಣ ಕ್ರೀಡಾಂಗಣ ದೊರೆಯದ ಕಾರಣ ತಂಡದ ತವರು ಪಂದ್ಯಗಳು ನಾಗಪುರದಲ್ಲಿ ನಡೆದವು. ಅಕ್ಟೋಬರಿನಲ್ಲಿ ಯುಪಿ ಯೋಧಾ ವಿರುದ್ಧದ ಪಂದ್ಯವನ್ನು ಬುಲ್ಸ್ 64–24ರಿಂದ ಗೆದ್ದಿತು. ಇದರಲ್ಲಿ ರೋಹಿತ್ ಒಬ್ಬರೇ 32 ಅಂಕಗಳನ್ನು ಗಳಿಸಿ ಆಗಿನ ದಾಖಲೆಯನ್ನು ಬರೆದರು. ಕೆಲವೇ ದಿನಗಳಲ್ಲಿ ಪ್ರದೀಪ್ ನರ್ವಾಲ್ 34 ಅಂಕಗಳೊಂದಿಗೆ ಆ ದಾಖಲೆಯನ್ನು ಮುರಿದರು. ಬಿ ವಲಯದಲ್ಲಿ ನಾಲ್ಕನೆಯ ಸ್ಥಾನ ಪಡೆದ ಬುಲ್ಸ್, ಒಂದೇ ಸ್ಥಾನದ ಅಂತರದಲ್ಲಿ ಪ್ಲೇಆಫ್ ಅವಕಾಶದಿಂದ ವಂಚಿತವಾಯಿತು.

ಚಾಂಪಿಯನ್ ಪಟ್ಟ: ಆರನೆಯ ಆವೃತ್ತಿ (2018–19)

ಐದನೆಯ ಆವೃತ್ತಿಯಲ್ಲಿ ಗುಜರಾತ್ ಪರ ಆಡಿದ್ದ ಪವನ್ ಸೆಹ್ರಾವತ್ ಅವರನ್ನು ಬುಲ್ಸ್ 52.8 ಲಕ್ಷ ರೂಪಾಯಿಗೆ ಮರಳಿ ಕರೆತಂದಿತು. ಗುಜರಾತ್ ತಂಡದಲ್ಲಿ ಅವರಿಗೆ ಹೆಚ್ಚಿನ ಅವಕಾಶಗಳು ದೊರೆತಿರಲಿಲ್ಲ. ರೋಹಿತ್ ಕುಮಾರ್ ನಾಯಕರಾಗಿ ಮುಂದುವರಿದರು. ಕಾಶಿಲಿಂಗ್ ಅಡಕೆ ದಾಳಿ ವಿಭಾಗವನ್ನು, ಮಹೇಂದರ್ ಸಿಂಗ್ ರಕ್ಷಣಾ ವಿಭಾಗವನ್ನು ಬಲಪಡಿಸಿದರು. ರಣಧೀರ್ ಸಿಂಗ್ ಮುಖ್ಯ ತರಬೇತುದಾರರಾಗಿದ್ದರೆ, ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಸಹಾಯಕ ತರಬೇತುದಾರರಾಗಿದ್ದರು.

ಬುಲ್ಸ್ ಬಿ ವಲಯದ ಅಗ್ರಸ್ಥಾನ ಪಡೆಯಿತು. 2018ರ ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ನಡೆದ ಮೊದಲ ಕ್ವಾಲಿಫೈಯರಿನಲ್ಲಿ ಗುಜರಾತ್ ಫಾರ್ಚೂನ್‌ಜೈಂಟ್ಸ್ ತಂಡವನ್ನು 41–29ರಿಂದ ಸೋಲಿಸಿ ನೇರವಾಗಿ ಫೈನಲ್ ತಲುಪಿತು. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಫೈನಲಿನಲ್ಲಿ ಎದುರಾದದ್ದೂ ಅದೇ ಗುಜರಾತ್ ತಂಡ. ಮೊದಲಾರ್ಧದ ಕೊನೆಗೆ ಬುಲ್ಸ್ 9–16ರಿಂದ ಹಿಂದಿತ್ತು. ದ್ವಿತೀಯಾರ್ಧದಲ್ಲಿ ಪವನ್ ಸೆಹ್ರಾವತ್ ಸತತ ದಾಳಿಗಳಿಂದ ಪಂದ್ಯದ ಗತಿಯನ್ನೇ ಬದಲಿಸಿದರು. ಬುಲ್ಸ್ 38–33ರಿಂದ ಗೆದ್ದು ಮೊದಲ ಬಾರಿಗೆ ಚಾಂಪಿಯನ್ ಆಯಿತು. ತಂಡದ 38 ಅಂಕಗಳಲ್ಲಿ 22 ಅಂಕಗಳು ಪವನ್ ಒಬ್ಬರವೇ ಆಗಿದ್ದವು. ಆವೃತ್ತಿಯಲ್ಲಿ 271 ದಾಳಿ ಅಂಕಗಳನ್ನು ಗಳಿಸಿದ ಅವರು ಅತ್ಯುತ್ತಮ ದಾಳಿಗಾರ ಹಾಗೂ ಅತ್ಯಮೂಲ್ಯ ಆಟಗಾರ ಪ್ರಶಸ್ತಿಗಳೆರಡನ್ನೂ ಪಡೆದರು. ವಿಜೇತ ತಂಡಕ್ಕೆ 3 ಕೋಟಿ ರೂಪಾಯಿ ಬಹುಮಾನ ದೊರೆಯಿತು.

ಈ ಆವೃತ್ತಿಯಲ್ಲಿಯೂ ಬುಲ್ಸ್ ತಂಡದ ತವರು ಪಂದ್ಯಗಳು ಬೆಂಗಳೂರಿನಲ್ಲಿ ನಡೆಯದೆ ಪುಣೆಗೆ ಸ್ಥಳಾಂತರಗೊಂಡಿದ್ದವು. ಹೀಗಾಗಿ ಬೆಂಗಳೂರಿನ ಹೆಸರು ಹೊತ್ತ ತಂಡವು ಚಾಂಪಿಯನ್ ಆದ ವರ್ಷದ ಒಂದು ಪಂದ್ಯವನ್ನೂ ನಗರದ ಪ್ರೇಕ್ಷಕರು ತಮ್ಮ ಊರಿನ ಕ್ರೀಡಾಂಗಣದಲ್ಲಿ ಕುಳಿತು ನೋಡಲಾಗಲಿಲ್ಲ.

ಸೆಮಿಫೈನಲ್‌ಗಳ ಕಾಲ (2019–2022)

ಏಳನೆಯ ಆವೃತ್ತಿ (2019): ಎರಡು ಆವೃತ್ತಿಗಳ ಅನಂತರ ತವರು ಪಂದ್ಯಗಳು ಕಂಠೀರವ ಕ್ರೀಡಾಂಗಣಕ್ಕೆ ಮರಳಿದವು. ಅಕ್ಟೋಬರ್ 2ರಂದು ಪಂಚಕುಲದಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಪವನ್ ಸೆಹ್ರಾವತ್ 39 ದಾಳಿ ಅಂಕಗಳನ್ನು ಗಳಿಸಿ, ಒಂದೇ ಪಂದ್ಯದ ಗರಿಷ್ಠ ಅಂಕಗಳ ದಾಖಲೆಯನ್ನು ತಮ್ಮ ಹೆಸರಿಗೆ ಬರೆದುಕೊಂಡರು. ಬುಲ್ಸ್ ಆ ಪಂದ್ಯವನ್ನು 59–36ರಿಂದ ಗೆದ್ದಿತು. ಪಟ್ಟಿಯಲ್ಲಿ ಆರನೆಯ ಸ್ಥಾನ ಪಡೆದ ತಂಡವು ಎಲಿಮಿನೇಟರಿನಲ್ಲಿ ಹೆಚ್ಚುವರಿ ಅವಧಿಯವರೆಗೆ ಹೋರಾಡಿ ಯುಪಿ ಯೋಧಾವನ್ನು 48–45ರಿಂದ ಮಣಿಸಿತು. ಸೆಮಿಫೈನಲಿನಲ್ಲಿ ದಬಾಂಗ್ ಡೆಲ್ಲಿ ಎದುರು 38–44ರಿಂದ ಸೋತಿತು. ಪವನ್ ಆವೃತ್ತಿಯಲ್ಲಿ 346 ದಾಳಿ ಅಂಕಗಳನ್ನು ಗಳಿಸಿದರು. ಆ ವರ್ಷ ಪ್ರಶಸ್ತಿ ಗೆದ್ದ ಬೆಂಗಾಲ್ ವಾರಿಯರ್ಸ್ ತಂಡದ ತರಬೇತುದಾರರು ಬುಲ್ಸ್ ತಂಡದಿಂದ ಅಲ್ಲಿಗೆ ತೆರಳಿದ್ದ ಬಿ.ಸಿ. ರಮೇಶ್.

ಎಂಟನೆಯ ಆವೃತ್ತಿ (2021–22): ಕೋವಿಡ್ ಸಾಂಕ್ರಾಮಿಕದ ಕಾರಣ 2020ರಲ್ಲಿ ಲೀಗ್ ನಡೆಯಲಿಲ್ಲ. 2021ರ ಡಿಸೆಂಬರ್ 22ರಿಂದ ಎಲ್ಲ ಪಂದ್ಯಗಳೂ ಬೆಂಗಳೂರಿನ ವೈಟ್‌ಫೀಲ್ಡಿನ ಹೋಟೆಲೊಂದರಲ್ಲಿ ನಿರ್ಮಿಸಿದ ಅಂಕಣದಲ್ಲಿ ನಡೆದವು. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಇಡೀ ಲೀಗ್ ತಮ್ಮ ನಗರದಲ್ಲಿಯೇ ನಡೆದರೂ ಅಭಿಮಾನಿಗಳು ಅದನ್ನು ಪರದೆಯ ಮೇಲಷ್ಟೇ ನೋಡಬೇಕಾಯಿತು. ಪವನ್ ಸೆಹ್ರಾವತ್ ನಾಯಕರಾದರು. ಎಲಿಮಿನೇಟರಿನಲ್ಲಿ ಗುಜರಾತ್ ಜೈಂಟ್ಸ್ ತಂಡವನ್ನು 49–29ರಿಂದ ಸೋಲಿಸಿದ ಬುಲ್ಸ್, ಸೆಮಿಫೈನಲಿನಲ್ಲಿ ಮತ್ತೊಮ್ಮೆ ದಬಾಂಗ್ ಡೆಲ್ಲಿಗೆ 35–40ರಿಂದ ಸೋತಿತು. ಪವನ್ ಸತತ ಮೂರನೆಯ ಬಾರಿಗೆ ಲೀಗಿನ ಅತ್ಯುತ್ತಮ ದಾಳಿಗಾರರಾದರು.

ಒಂಬತ್ತನೆಯ ಆವೃತ್ತಿ (2022): ಹರಾಜಿನಲ್ಲಿ ತಮಿಳ್ ತಲೈವಾಸ್ ತಂಡವು ಪವನ್ ಅವರನ್ನು 2.26 ಕೋಟಿ ರೂಪಾಯಿಗೆ ಪಡೆಯಿತು. ಬುಲ್ಸ್ 1.70 ಕೋಟಿ ರೂಪಾಯಿಗೆ ವಿಕಾಸ್ ಖಂಡೋಲಾ ಅವರನ್ನು ಸೇರಿಸಿಕೊಂಡಿತು. ಮಹೇಂದರ್ ಸಿಂಗ್ ನಾಯಕರಾದರು. ಆದರೆ ದಾಳಿಯ ಮುಖ್ಯ ಹೊಣೆಯನ್ನು ಹೊತ್ತವರು ಯುವ ಆಟಗಾರ ಭರತ್. ಪವನ್ ಇಲ್ಲದೆ ತಂಡವು ಕುಸಿಯುವುದೆಂಬ ಶಂಕೆಯನ್ನು ಅವರು ದೂರಮಾಡಿದರು. ಲೀಗ್ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅಕ್ಟೋಬರ್ 7ರಂದು ಆರಂಭವಾಯಿತು. ಎಲಿಮಿನೇಟರಿನಲ್ಲಿ ಬುಲ್ಸ್ ಹಿಂದಿನ ಚಾಂಪಿಯನ್ ದಬಾಂಗ್ ಡೆಲ್ಲಿಯನ್ನು 56–24ರಿಂದ ಮಣಿಸಿ, ಹಿಂದಿನ ಎರಡು ಸೆಮಿಫೈನಲ್ ಸೋಲುಗಳಿಗೆ ಉತ್ತರ ನೀಡಿತು. ಸೆಮಿಫೈನಲಿನಲ್ಲಿ ಜೈಪುರ ಪಿಂಕ್ ಪ್ಯಾಂಥರ್ಸ್ ಎದುರು 29–49ರಿಂದ ಸೋತಿತು.

ಕುಸಿತ ಹಾಗೂ ಚೇತರಿಕೆ (2023–2025)

ಹತ್ತನೆಯ ಆವೃತ್ತಿ (2023–24): ಹನ್ನೆರಡು ನಗರಗಳಲ್ಲಿ ಪಂದ್ಯಗಳು ನಡೆಯುವ ಹಳೆಯ ಪದ್ಧತಿ ಮರಳಿತು. ಬೆಂಗಳೂರಿನಲ್ಲಿ ಡಿಸೆಂಬರ್ 8ರಿಂದ 13ರವರೆಗೆ ಪಂದ್ಯಗಳು ನಡೆದವು. ರಕ್ಷಣಾ ಆಟಗಾರ ಸೌರಭ್ ನಂದಲ್ ನಾಯಕರಾಗಿದ್ದರು. ಎಂಟನೆಯ ಸ್ಥಾನಕ್ಕೆ ಇಳಿದ ಬುಲ್ಸ್, ಐದನೆಯ ಆವೃತ್ತಿಯ ಅನಂತರ ಮೊದಲ ಬಾರಿಗೆ ಪ್ಲೇಆಫ್‌ನಿಂದ ಹೊರಗುಳಿಯಿತು. ಪ್ರಶಸ್ತಿ ಗೆದ್ದ ಪುಣೇರಿ ಪಲ್ಟನ್ ತಂಡಕ್ಕೆ ತರಬೇತಿ ನೀಡಿದ್ದವರೂ ಬಿ.ಸಿ. ರಮೇಶ್ ಅವರೇ.

ಹನ್ನೊಂದನೆಯ ಆವೃತ್ತಿ (2024): ಪ್ರದೀಪ್ ನರ್ವಾಲ್ 70 ಲಕ್ಷ ರೂಪಾಯಿಗೆ, ತಾವು ಲೀಗ್ ಬದುಕನ್ನು ಆರಂಭಿಸಿದ ತಂಡಕ್ಕೆ ನಾಯಕರಾಗಿ ಮರಳಿದರು. ಆದರೆ ಫಲಿತಾಂಶಗಳು ನಿರಾಶಾದಾಯಕವಾಗಿದ್ದವು. ಆಡಿದ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದ ಬುಲ್ಸ್ ಹನ್ನೆರಡನೆಯ, ಅಂದರೆ ಕೊನೆಯ ಸ್ಥಾನ ಪಡೆಯಿತು. ಇದು ತಂಡದ ಇತಿಹಾಸದಲ್ಲಿಯೇ ಅತ್ಯಂತ ಕಳಪೆ ಸಾಧನೆ. ಹೈದರಾಬಾದ್, ನೋಯ್ಡಾ, ಪುಣೆಗಳಲ್ಲಷ್ಟೇ ಪಂದ್ಯಗಳು ನಡೆದ ಕಾರಣ ಬೆಂಗಳೂರಿಗೆ ಆತಿಥ್ಯ ದೊರೆಯಲಿಲ್ಲ. ಈ ಆವೃತ್ತಿಯೊಂದಿಗೆ ಮೊದಲ ದಿನದಿಂದಲೂ ತಂಡದೊಂದಿಗಿದ್ದ ರಣಧೀರ್ ಸಿಂಗ್ ಅವರ ಅವಧಿ ಮುಗಿಯಿತು.

ಹನ್ನೆರಡನೆಯ ಆವೃತ್ತಿ (2025): ಬಿ.ಸಿ. ರಮೇಶ್ ಮುಖ್ಯ ತರಬೇತುದಾರರಾಗಿ ಮರಳಿದರು. ಬೇರೆ ಬೇರೆ ತಂಡಗಳಿಗೆ ಪ್ರಶಸ್ತಿ ತಂದುಕೊಟ್ಟ ಕನ್ನಡಿಗರೊಬ್ಬರು ತಮ್ಮ ರಾಜ್ಯದ ತಂಡದ ಪೂರ್ಣ ಹೊಣೆ ಹೊತ್ತದ್ದು ಇದೇ ಮೊದಲು. ಮೊದಲ ಪಂದ್ಯದಲ್ಲಿ ಪುಣೇರಿ ಪಲ್ಟನ್ ಎದುರು 32–32ರ ಸಮಬಲ ಸಾಧಿಸಿದ ಬುಲ್ಸ್, ಟೈಬ್ರೇಕರಿನಲ್ಲಿ ಸೋತಿತು. ಆರಂಭದ ಸೋಲುಗಳಿಂದ ಚೇತರಿಸಿಕೊಂಡು, ಇರಾನಿನ ಅಲಿರೇಜಾ ಮಿರ್ಜಾಯಿಯಾನ್ ಅವರ ದಾಳಿಯ ನೆರವಿನಿಂದ ಮೊದಲ ನಾಲ್ಕು ಸ್ಥಾನಗಳೊಳಗೆ ಬಂದಿತು. ಕೊನೆಯ ಸ್ಥಾನದಿಂದ ಒಂದೇ ವರ್ಷದಲ್ಲಿ ಪ್ಲೇಆಫ್‌ಗೆ ಏರಿದ ತಂಡವು, ಮಿನಿ ಕ್ವಾಲಿಫೈಯರಿನಲ್ಲಿ ತೆಲುಗು ಟೈಟನ್ಸ್‌ಗೂ ಅನಂತರ ಎಲಿಮಿನೇಟರಿನಲ್ಲಿ ಪಾಟ್ನಾ ಪೈರೇಟ್ಸ್‌ಗೂ ಸೋತು ನಿರ್ಗಮಿಸಿತು. ಈ ಬಾರಿಯೂ ಬೆಂಗಳೂರಿನಲ್ಲಿ ಪಂದ್ಯಗಳು ನಡೆಯಲಿಲ್ಲ.

ತವರು ಅಂಗಣ ಹಾಗೂ ಸ್ಥಳೀಯ ಆಟಗಾರರು

ತಂಡದ ಇತಿಹಾಸದಲ್ಲಿ ಎರಡು ಸಂಗತಿಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಮೊದಲನೆಯದು ತವರು ಅಂಗಣದ ಕೊರತೆ. ಐದು, ಆರು, ಹನ್ನೊಂದು ಹಾಗೂ ಹನ್ನೆರಡನೆಯ ಆವೃತ್ತಿಗಳಲ್ಲಿ ಬೆಂಗಳೂರಿನಲ್ಲಿ ಪಂದ್ಯಗಳೇ ನಡೆಯಲಿಲ್ಲ. ಎಂಟನೆಯದರಲ್ಲಿ ನಡೆದರೂ ಪ್ರೇಕ್ಷಕರಿರಲಿಲ್ಲ. ಎರಡನೆಯದು ಆಟಗಾರರ ಮೂಲ. ಮಂಜೀತ್, ರೋಹಿತ್, ಪವನ್, ಭರತ್ ಮುಂತಾಗಿ ತಂಡದ ಪ್ರಮುಖ ಆಟಗಾರರಲ್ಲಿ ಹೆಚ್ಚಿನವರು ಉತ್ತರ ಭಾರತದವರು. ಇದೇ ಅವಧಿಯಲ್ಲಿ ಕರ್ನಾಟಕದ ಸುಕೇಶ್ ಹೆಗ್ಡೆ ಗುಜರಾತ್ ತಂಡವನ್ನು, ಪ್ರಶಾಂತ್ ಕುಮಾರ್ ರೈ ಪಾಟ್ನಾ ಪೈರೇಟ್ಸ್ ತಂಡವನ್ನು ಮುನ್ನಡೆಸಿದರು. ಆಟಗಾರರನ್ನು ರಾಜ್ಯದ ಆಧಾರದ ಮೇಲಲ್ಲದೆ ಹರಾಜಿನ ಮೂಲಕ ಆಯ್ಕೆಮಾಡುವ ಪದ್ಧತಿಯೇ ಇದಕ್ಕೆ ಕಾರಣ.

ಆವೃತ್ತಿವಾರು ಸಾರಾಂಶ

| ಆವೃತ್ತಿ | ವರ್ಷ | ಫಲಿತಾಂಶ |
|---|---|---|
| 1 | 2014 | ನಾಲ್ಕನೆಯ ಸ್ಥಾನ |
| 2 | 2015 | ರನ್ನರ್ ಅಪ್ |
| 3 | 2016 | ಏಳನೆಯ ಸ್ಥಾನ |
| 4 | 2016 | ಆರನೆಯ ಸ್ಥಾನ |
| 5 | 2017 | ಬಿ ವಲಯದಲ್ಲಿ ನಾಲ್ಕನೆಯ ಸ್ಥಾನ |
| 6 | 2018–19 | ಚಾಂಪಿಯನ್ |
| 7 | 2019 | ಸೆಮಿಫೈನಲ್ |
| 8 | 2021–22 | ಸೆಮಿಫೈನಲ್ |
| 9 | 2022 | ಸೆಮಿಫೈನಲ್ |
| 10 | 2023–24 | ಎಂಟನೆಯ ಸ್ಥಾನ |
| 11 | 2024 | ಹನ್ನೆರಡನೆಯ ಸ್ಥಾನ |
| 12 | 2025 | ಪ್ಲೇಆಫ್ |